ಮೂರು ಲ್ಯಾಬ್, ನಾಲ್ಕು ಬೂಟ್ ಫೈಲ್, ಒಂದೇ ಫಾಗ್ ಸರ್ವರ್

ಫಾಗ್ ಸರ್ವರ್ (ಒಂದು ಮಷಿನ್‌ನ ಡಿಸ್ಕ್ ಇಮೇಜನ್ನು ನೆಟ್‌ವರ್ಕ್ ಮೂಲಕವೇ ಉಳಿದ ಮಷಿನ್‌ಗಳಿಗೆ ಹಾಕುವ ಸಾಫ್ಟ್‌ವೇರ್) ಹಾಕಿ ಕೈಬಿಟ್ಟವರು ನಮ್ಮ ಶಿವಮೊಗ್ಗ ಕಡೆ ಬೇಕಾದಷ್ಟು ಜನ ಇದ್ದಾರೆ. ಮೊದಲ ಲ್ಯಾಬ್‌ನಲ್ಲಿ ಚೆನ್ನಾಗಿ ಓಡುತ್ತದೆ. ಎರಡನೇ ಲ್ಯಾಬ್‌ನಲ್ಲಿ ಒಂದು ಸಾಲು ಬಂದು ನಿಂತುಬಿಡುತ್ತದೆ. ಮೂರನೇದರಲ್ಲಿ ಐಪಿ ಅಡ್ರೆಸ್ಸೇ ಸಿಗುವುದಿಲ್ಲ. ಆಮೇಲೆ ಸರ್ವರ್ ಮೂಲೆ ಸೇರುತ್ತದೆ, ಪೆನ್‌ಡ್ರೈವ್ ಹೊರಗೆ ಬರುತ್ತದೆ. ನಾನು ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ಹಿಡಿದಿರುವ ಕಾಲೇಜಿನಲ್ಲಿ ಇದು ಈಗ ಎರಡು ಸೆಮಿಸ್ಟರ್‌ನಿಂದ ಓಡುತ್ತಿದೆ. ಮೂರು ಲ್ಯಾಬ್, ಸುಮಾರು 75 ಮಷಿನ್. 'ಅದೆಲ್ಲ ಬೆಂಗಳೂರಿನ ಕಂಪನಿಗಳಿಗೆ ಸರಿ ಮಾರಾಯ, ನಮ್ಮ ಡಬ್ಬಗಳಿಗೆ ಆಗಲ್ಲ' ಎಂದು ಸಾಗರದ ನನ್ನ ಗೆಳೆಯ ನಕ್ಕಿದ್ದ. ಅವನೂ ಇದೇ ಕೆಲಸದವನು. ಅವನಿಗಾಗಿಯೇ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಇನ್‌ಸ್ಟಾಲ್ ಮಾಡುವುದು, ಇಮೇಜ್ ಕ್ಯಾಪ್ಚರ್ ಮಾಡುವುದು ಎಲ್ಲ ನಿಮಗೆ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ. ತಕರಾರು ಇರುವುದು ಅದಕ್ಕಿಂತ ಮುಂಚೆ, ಮಷಿನ್ ನೆಟ್‌ವರ್ಕ್‌ನಿಂದ ಬೂಟ್ ಆಗಲು ಮೊದಲು ಇಳಿಯುವ ಆ ಚಿಕ್ಕ ಐಪಿಎಕ್ಸ್‌ಇ ಫೈಲ್‌ನಲ್ಲಿ. ಯಾರನ್ನು ಕೇಳಿದರೂ 'ಲೇಟೆಸ್ಟ್ ಹಾಕು' ಎನ್ನುತ್ತಾರೆ. ನಾನು ಕೊನೆಗೆ ಕಂಡುಕೊಂಡದ್ದು ಇದಕ್ಕೆ ಉಲ್ಟಾ. ಎಲ್ಲ ಮಷಿನ್‌ಗೂ ಹೊಂದುವ ಒಂದು ವರ್ಷನ್ ಇಲ್ಲ, ಅದನ್ನು ಹುಡುಕುವುದನ್ನೇ ನಿಲ್ಲಿಸಬೇಕು. ಯಾವ ಲ್ಯಾಬ್‌ಗೆ ಯಾವುದು ಒಗ್ಗುತ್ತದೋ ಅದನ್ನು ಪಕ್ಕಪಕ್ಕದಲ್ಲೇ ಇಟ್ಟು, ಮಷಿನ್ ನೋಡಿ ಹಂಚಬೇಕು.

ಮೊದಲು ನಮ್ಮ ಮಷಿನ್‌ಗಳ ಜಾತಕ ಹೇಳುತ್ತೇನೆ. ಒಂದನೇ ಲ್ಯಾಬ್‌ನಲ್ಲಿ ಹಳೆಯ ಎಚ್81 ಬೋರ್ಡ್‌ಗಳು, ಲೆಗಸಿ ಬಯಾಸ್ (ಹಳೆಯ ಬೂಟ್ ಪದ್ಧತಿ), ಒಂದು 30 ಇರಬಹುದು. ಎರಡನೇದರಲ್ಲಿ ಬ್ರ್ಯಾಂಡೆಡ್ ಮಷಿನ್, ಇಂಟೆಲ್ ಐ219 ಲ್ಯಾನ್, ಪೂರ್ತಿ ಯುಇಎಫ್‌ಐ (ಹೊಸ ಬೂಟ್ ಪದ್ಧತಿ). ಮೂರನೇದರಲ್ಲಿ ಮೊನ್ನೆ ಮೊನ್ನೆ ಬಂದ ಅಸೆಂಬಲ್ಡ್ ಮಷಿನ್‌ಗಳು, 2.5 ಗಿಗಾಬಿಟ್ ಲ್ಯಾನ್. ಡಿಎಚ್‌ಸಿಪಿ, ಅಂದರೆ ಐಪಿ ಅಡ್ರೆಸ್, ಕೊಡುವುದು ಇಂಟರ್ನೆಟ್‌ನವರು ಇಟ್ಟುಹೋದ ಓಎನ್‌ಟಿ (ಫೈಬರ್ ಮೋಡೆಮ್) ಡಬ್ಬ. ಅದರಲ್ಲಿ ಬೂಟ್ ಸರ್ವರ್ ಯಾವುದು, ಬೂಟ್ ಫೈಲ್ ಯಾವುದು ಎಂದು ಹೇಳುವ 66, 67 ಆಪ್ಷನ್ ಹಾಕಲು ಜಾಗವೇ ಇಲ್ಲ. ಹಾಗಾಗಿ ಆ ಮಾಹಿತಿ ಮಾತ್ರ ಕೊಡಲು ಫಾಗ್ ಪಕ್ಕದಲ್ಲೇ ಡಿಎನ್‌ಎಸ್‌ಮಾಸ್ಕ್ ಪ್ರಾಕ್ಸಿ ಕೂರಿಸಿದೆ. ಇದರಲ್ಲಿ 2.76ಕ್ಕಿಂತ ಹಳೆಯ ವರ್ಷನ್ ಇದ್ದರೆ ಯುಇಎಫ್‌ಐ ಮಷಿನ್‌ಗಳು ಸರಿಯಾಗಿ ಕೇಳುವುದಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ.

ಖರ್ಚು. ಒಂದು ಕಂಪನಿಯವರು ಕ್ಲೋನಿಂಗ್ ಸಾಫ್ಟ್‌ವೇರ್‌ಗೆ ವರ್ಷಕ್ಕೆ 80 ಸಾವಿರದ ಆಸುಪಾಸು ಕೊಟೇಶನ್ ಕೊಟ್ಟಿದ್ದರು, ಪ್ರಿನ್ಸಿಪಾಲ್ ಸರ್ ಅದನ್ನು ಓದಿ ಮಡಚಿ ಡ್ರಾಯರ್‌ಗೆ ಹಾಕಿದರು. ನನ್ನ ಸರ್ವರ್ ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂದ ಸೆಕೆಂಡ್ ಹ್ಯಾಂಡ್ ಐ5. ಸುಮಾರು 11-12 ಸಾವಿರ ಆಗಿತ್ತು. 480 ಜಿಬಿ ಎಸ್‌ಎಸ್‌ಡಿ ಒಂದು ಮೂರು ಸಾವಿರ. ಒಂದನೇ ಲ್ಯಾಬ್‌ಗೆ ಗಿಗಾಬಿಟ್ ಸ್ವಿಚ್, ಸುಮಾರು 7 ಸಾವಿರ. ಸಾಫ್ಟ್‌ವೇರ್‌ಗೆ ಒಂದು ಪೈಸೆ ಇಲ್ಲ. ಫಾಗ್ ಕೂಡ ಫ್ರೀ, ಐಪಿಎಕ್ಸ್‌ಇ ಕೂಡ ಫ್ರೀ.

ಈಗ ಜಗಳದ ಕಥೆ. ಒಂದನೇ ಲ್ಯಾಬ್‌ನಲ್ಲಿ ಅಂಡಿಓನ್ಲಿ ಡಾಟ್ ಕೆಪಿಎಕ್ಸ್‌ಇ (ಲೆಗಸಿ ಮಷಿನ್‌ಗಳ ಐಪಿಎಕ್ಸ್‌ಇ ಫೈಲ್) ಇಳಿಯುತ್ತದೆ, 'ಇನಿಶಿಯಲೈಸಿಂಗ್ ಡಿವೈಸಸ್' ಎಂದು ಬರುತ್ತದೆ, ಅಲ್ಲೇ ಕಲ್ಲು. ಕೀಬೋರ್ಡ್ ಲೈಟೂ ಅಲ್ಲಾಡುವುದಿಲ್ಲ. ಆ ಬೋರ್ಡ್‌ಗಳಿಗೆ ಬಯಾಸ್ ಅಪ್‌ಡೇಟ್ ಹುಡುಕಿದೆ, ಕಂಪನಿ ಕೈಬಿಟ್ಟು ಯಾವುದೋ ಕಾಲ ಆಗಿದೆ. ಫಾಗ್ ಅನ್ನೇ ಹೊಸ ವರ್ಷನ್‌ಗೆ ಏರಿಸಿದೆ. ಮೊದಲು ಹತ್ತರಲ್ಲಿ ಮೂರಾದರೂ ಬೂಟ್ ಆಗುತ್ತಿದ್ದವು, ಏರಿಸಿದ ಮೇಲೆ ಒಂದೂ ಇಲ್ಲ! ಇಲ್ಲಿಂದಲೇ ನನಗೆ ವರ್ಷನ್ ಮೇಲೆ ಅನುಮಾನ ಬಂದದ್ದು. ಫಾಗ್ ಇನ್‌ಸ್ಟಾಲರ್ ಪ್ರತಿ ಸಲ ಓಡಿಸಿದಾಗಲೂ ಟಿಎಫ್‌ಟಿಪಿಬೂಟ್ ಫೋಲ್ಡರ್‌ನ ಬೂಟ್ ಫೈಲ್‌ಗಳ ಮೇಲೆ ಹೊಸದನ್ನು ಬರೆಯುತ್ತದೆ ಅಲ್ವಾ. ಹಳೆಯ ಸರ್ವರ್ ಡಿಸ್ಕ್ ಒಂದನ್ನು ಒರೆಸದೆ ಇಟ್ಟಿದ್ದೆ. ಅದರಿಂದ ಹಳೆಯ ಫೈಲ್‌ಗಳನ್ನು ತೆಗೆದು ಬೇರೆ ಹೆಸರಲ್ಲಿ ಹಾಕಿದೆ. ಮೂರು ಮಷಿನ್ ವಾಪಸ್ ಎದ್ದವು. ಉಳಿದವಕ್ಕೆ ಅದೇ ಹಳೆಯ ವರ್ಷನ್‌ನ ಸೋರ್ಸ್ ಕೋಡ್‌ನಿಂದ ಕೆಕೆಪಿಎಕ್ಸ್‌ಇ ಎಂಬ ಇನ್ನೊಂದು ಬಗೆಯ ಫೈಲ್ ಕಟ್ಟಿ ಕೊಟ್ಟೆ. ಕೆಪಿಎಕ್ಸ್‌ಇ ಬಂದ ತಕ್ಷಣ ಬೋರ್ಡ್‌ನ ಪಿಎಕ್ಸ್‌ಇ (ನೆಟ್‌ವರ್ಕ್ ಬೂಟ್) ಭಾಗವನ್ನು ಮೆಮೊರಿಯಿಂದ ಇಳಿಸಿಬಿಡುತ್ತದೆ, ಕೆಕೆಪಿಎಕ್ಸ್‌ಇ ಅದನ್ನೂ ಉಳಿಸಿಕೊಳ್ಳುತ್ತದೆ. ಕೆಲವು ಹಳೆಯ ಬೂಟ್ ರಾಮ್‌ಗಳಿಗೆ (ROM, ನೆಟ್‌ವರ್ಕ್ ಬೂಟ್ ಕೋಡ್ ಇರುವ ಚಿಪ್) ಆ ಇಳಿಸುವ ಕೆಲಸವೇ ಆಗಿಬರುವುದಿಲ್ಲ. ಕೆಕೆಪಿಎಕ್ಸ್‌ಇ ಹಾಕಿದ ಮೇಲೆ ಲ್ಯಾಬ್ ಪೂರ್ತಿ ಎದ್ದಿತು, ಲ್ಯಾನ್ ಪೋರ್ಟ್ ಸತ್ತ ನಾಲ್ಕೈದನ್ನು ಬಿಟ್ಟು. ಅವುಗಳ ಕಥೆ ಮುಂದೆ ಇದೆ.

ಹಳೆಯ ಸೋರ್ಸ್ ಕಟ್ಟುವುದು ಅಷ್ಟು ಸುಲಭ ಅಲ್ಲ. ಹೊಸ ಉಬುಂಟುವಿನ ಜಿಸಿಸಿ ಕಂಪೈಲರ್‌ಗೆ ಹಳೆಯ ಐಪಿಎಕ್ಸ್‌ಇ ಕೋಡ್ ಕಂಡರೆ ಆಗುವುದಿಲ್ಲ, ಪ್ರತಿ ವಾರ್ನಿಂಗನ್ನೂ ಎರರ್ ಎಂದು ಎಣಿಸಿ ನಿಲ್ಲಿಸುತ್ತದೆ. ಮೇಕ್ ಜೊತೆ 'ನೋ ವೆರರ್ ಈಕ್ವಲ್ಸ್ 1' ಎಂದು ಕೊಟ್ಟರೆ ಸ್ವಲ್ಪ ದೂರ ಹೋಗುತ್ತದೆ. ಅದೂ ಆಗದಿದ್ದಾಗ ವರ್ಚುವಲ್‌ಬಾಕ್ಸ್‌ನಲ್ಲಿ ಹಳೆಯ ಡೆಬಿಯನ್ ಹಾಕಿ ಅದರಲ್ಲಿ ಕಟ್ಟಿದೆ. ಈಗ ಆ ವರ್ಚುವಲ್ ಮಷಿನನ್ನು ಹಾಗೇ ಎತ್ತಿಟ್ಟಿದ್ದೇನೆ, ಅದಕ್ಕೆ ಅಪ್‌ಡೇಟ್ ಕೊಡುವುದಿಲ್ಲ. ಹೊಸದಾಗಿ ಕಟ್ಟುವ ಫೈಲ್‌ಗೆಲ್ಲ ಹೆಸರಲ್ಲೇ ವರ್ಷನ್ ಹಾಕುತ್ತೇನೆ. ಬೂಟ್ ಆಗುವಾಗ ಸ್ಕ್ರೀನ್ ಮೇಲೆ 1.20.1, 1.21.1 ಅಂತ ಬರುತ್ತದಲ್ಲ, ಅದರ ಫೋಟೋ ತೆಗೆದು ಅದೇ ಹೆಸರಲ್ಲಿ ಇಟ್ಟುಕೊಳ್ಳಿ. ಜೊತೆಗೆ ಎಂಡಿ5 (ಫೈಲ್‌ನ ಗುರುತಿನ ಕೋಡ್) ಬರೆದಿಡಿ. ಎರಡು ತಿಂಗಳಾದ ಮೇಲೆ ಯಾವುದು ಯಾವುದೆಂದು ದೇವರಿಗೂ ಗೊತ್ತಾಗುವುದಿಲ್ಲ.

ಎರಡನೇ ಲ್ಯಾಬ್ ಕಥೆ ಬೇರೆ. ಅಲ್ಲಿ ಐಪಿಎಕ್ಸ್‌ಇ ಡಾಟ್ ಇಎಫ್‌ಐ ತನ್ನದೇ ಡ್ರೈವರ್‌ನಿಂದ ಲ್ಯಾನ್ ಚಿಪ್ಪನ್ನು ಹಿಡಿಯಲು ಹೋಗಿ ಲಿಂಕ್ ಬೀಳಿಸಿಕೊಳ್ಳುತ್ತಿತ್ತು. ಎಸ್‌ಎನ್‌ಪಿಓನ್ಲಿ ಹಾಕಿದೆ. ಅದು ತನ್ನ ಡ್ರೈವರ್ ಬಿಟ್ಟು ಮದರ್‌ಬೋರ್ಡ್ ಫರ್ಮ್‌ವೇರ್‌ನ ಡ್ರೈವರ್‌ನಲ್ಲೇ ಕೆಲಸ ನಡೆಸುತ್ತದೆ. ಮೆನು ಬಂತು. ಖುಷಿ ಆಯಿತು. ಬಿಝಡ್‌ಇಮೇಜ್ (ಫಾಗ್‌ನ ಲಿನಕ್ಸ್ ಕರ್ನಲ್ ಫೈಲ್) ಇಳಿಯುವಾಗ ಅರ್ಧಕ್ಕೆ ನಿಂತಿತು. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಲ್ಯಾಬ್ ಅಸಿಸ್ಟೆಂಟ್ 'ಸರ್, ಸುಮ್ನೆ ಪೆನ್‌ಡ್ರೈವ್ ಹಾಕೋಣ' ಎಂದು ಪಕ್ಕದಲ್ಲೇ ಕೂತಿದ್ದರು. 1.21.1ರ ಸೋರ್ಸ್‌ನಿಂದ ಕಟ್ಟಿದ ಎಸ್‌ಎನ್‌ಪಿಓನ್ಲಿ ಕೊಟ್ಟಾಗ ಒಂದೇ ಉಸಿರಿಗೆ ಇಳಿಯಿತು. ಮೂರನೇ ಲ್ಯಾಬ್‌ಗೆ ಅದೇ ಫೈಲ್ ಕೊಟ್ಟರೆ ಅಲ್ಲಿ ಆಗಲಿಲ್ಲ, ಅಲ್ಲಿಗೆ ಗಿಟ್‌ನಲ್ಲಿರುವ ಈಚಿನದ್ದೇ ಬೇಕಾಯಿತು. ಯಾಕೆ ಎಂದು ಕೇಳಬೇಡಿ, ಬೂಟ್ ಆದ ಮೇಲೆ ನಾನು ಸಂಶೋಧನೆ ಮಾಡುವುದಿಲ್ಲ.

ಮೂರನೇ ಲ್ಯಾಬ್‌ನಲ್ಲಿ ಇನ್ನೊಂದು ಪೆಟ್ಟು ಕಾದಿತ್ತು. ಐಪಿಎಕ್ಸ್‌ಇ ಬರುತ್ತದೆ, 'ನೋ ಕಾನ್ಫಿಗರೇಶನ್ ಮೆಥಡ್ಸ್ ಸಕ್ಸೀಡೆಡ್' ಎಂದು ಬೀಳುತ್ತದೆ. ಮೊದಲ ಸಲ ಐಪಿ ಸಿಕ್ಕಿದ್ದಕ್ಕೇ ಅಲ್ವಾ ಫೈಲ್ ಇಳಿದದ್ದು, ಎರಡನೇ ಸಲ ಯಾಕೆ ಸಿಗುವುದಿಲ್ಲ? ಅಲ್ಲಿದ್ದದ್ದು ಮ್ಯಾನೇಜ್ಡ್ ಸ್ವಿಚ್. ಐಪಿಎಕ್ಸ್‌ಇ ಕಾರ್ಡನ್ನು ವಶಕ್ಕೆ ತೆಗೆದುಕೊಳ್ಳುವಾಗ ಲಿಂಕ್ ಒಮ್ಮೆ ಬಿದ್ದು ಏಳುತ್ತದೆ. ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ಸ್ವಿಚ್ ಮಾಡುವ ತಪಾಸಣೆ) ಆ ಪೋರ್ಟನ್ನು 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, ಇನ್ನೂ 15 ಸೆಕೆಂಡ್ ಕಲಿಯುತ್ತದೆ. ಅಷ್ಟರಲ್ಲಿ ಐಪಿಎಕ್ಸ್‌ಇ ಕೈಚೆಲ್ಲಿರುತ್ತದೆ. ಪರೀಕ್ಷೆ ಮಾಡುವುದು ಸುಲಭ. 600 ರೂಪಾಯಿಯ 5 ಪೋರ್ಟ್ ಡಬ್ಬ ಸ್ವಿಚ್ ಒಂದನ್ನು ಮಷಿನ್‌ಗೂ ದೊಡ್ಡ ಸ್ವಿಚ್‌ಗೂ ನಡುವೆ ಹಾಕಿ. ಬೂಟ್ ಆದರೆ ತಪ್ಪು ಸ್ಪ್ಯಾನಿಂಗ್ ಟ್ರೀಯದ್ದೇ. ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಸೆಟ್ಟಿಂಗ್ ಹಾಕಿದರೆ ಮುಗಿಯುತ್ತದೆ, ಆದರೆ ಆ ಸ್ವಿಚ್‌ನ ಪಾಸ್‌ವರ್ಡ್ ಹಿಂದಿನ ವೆಂಡರ್ ಜೊತೆಗೇ ಹೋಗಿದೆ. ಫಾಗ್‌ನಲ್ಲೇ 10 ಸೆಕೆಂಡ್ ತಡ ಮಾಡುವ ಫೈಲ್‌ಗಳ ಫೋಲ್ಡರ್ ಇದೆ, ಅದನ್ನು ನೋಡಿದೆ, ಕೆಲವು ಮಷಿನ್‌ಗೆ ಸಾಕಾಯಿತು, ಕೆಲವಕ್ಕೆ ಇಲ್ಲ. ಕೊನೆಗೆ ನನ್ನದೇ ಸ್ಕ್ರಿಪ್ಟ್ ಬರೆದು ಫೈಲ್ ಒಳಗೇ ಸೇರಿಸಿ ಕಟ್ಟಿದೆ. ಎಷ್ಟು ಸೆಕೆಂಡ್, ಎಲ್ಲಿ ತಡೆದೆ, ಸಿಗದಿದ್ದರೆ ಮುಂದೇನು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಹಂಚುವುದು ಹೇಗೆ? ಲೆಗಸಿ ಮಷಿನ್ ತನ್ನನ್ನು ಆರ್ಕ್ (ಆರ್ಕಿಟೆಕ್ಚರ್) 00000 ಎಂದು ಹೇಳಿಕೊಳ್ಳುತ್ತದೆ, 64 ಬಿಟ್ ಯುಇಎಫ್‌ಐ 00007 ಎನ್ನುತ್ತದೆ. ಇಲ್ಲಿಯವರೆಗೆ ಎಲ್ಲರೂ ಮಾಡುತ್ತಾರೆ. ಆದರೆ ಎರಡನೇ, ಮೂರನೇ ಲ್ಯಾಬ್ ಎರಡೂ 00007. ಅದಕ್ಕೆ ಡಿಎನ್‌ಎಸ್‌ಮಾಸ್ಕ್‌ನಲ್ಲಿ ಡಿಎಚ್‌ಸಿಪಿ-ಮ್ಯಾಕ್ ಸಾಲು ಹಾಕಿ, ಮ್ಯಾಕ್ ಅಡ್ರೆಸ್‌ನ (ಲ್ಯಾನ್ ಕಾರ್ಡ್‌ನ ಸ್ವಂತ ಗುರುತು) ಮೊದಲ ಮೂರು ಜೋಡಿ ಬರೆದು ಉಳಿದದ್ದಕ್ಕೆ ನಕ್ಷತ್ರ ಕೊಟ್ಟು ಒಂದೊಂದು ಲ್ಯಾಬ್‌ಗೆ ಒಂದೊಂದು ಟ್ಯಾಗ್ ಕಟ್ಟಿದೆ. ಆಮೇಲೆ ಪಿಎಕ್ಸ್‌ಇ-ಸರ್ವೀಸ್ ಸಾಲಿನಲ್ಲಿ ಟ್ಯಾಗ್‌ಗೆ ತಕ್ಕ ಫೈಲ್. ಒಂದೇ ಸಲ ಖರೀದಿಸಿದ ಮಷಿನ್‌ಗಳ ಮ್ಯಾಕ್ ಸಾಮಾನ್ಯವಾಗಿ ಒಂದೇ ತರ ಶುರುವಾಗುವುದರಿಂದ ನಾಲ್ಕೈದು ಸಾಲಿನಲ್ಲಿ ಕೆಲಸ ಮುಗಿಯಿತು. ಅನುಮಾನ ಬಂದಾಗ ಟಿಸಿಪಿಡಂಪ್ ಹಾಕಿ 67, 68, 69, 4011 ಪೋರ್ಟ್ ನೋಡಿ. ಯಾರು ಏನು ಕೇಳಿದರು, ಯಾರು ಏನು ಕೊಟ್ಟರು ಎಲ್ಲ ಅಲ್ಲೇ ಕಾಣುತ್ತದೆ. ಸ್ಕ್ರೀನ್ ಮೇಲೆ ಇ53 ಬಂದರೆ ಫೈಲ್ ಹೆಸರೇ ತಲುಪಿಲ್ಲ, ಇ32 ಬಂದರೆ ಹೆಸರು ತಲುಪಿದೆ, ಫೈಲ್ ಕಳಿಸುವ ಟಿಎಫ್‌ಟಿಪಿ ಉತ್ತರ ಕೊಟ್ಟಿಲ್ಲ. ಈ ಎರಡನ್ನು ಬೇರೆ ಮಾಡಿಕೊಂಡರೆ ಅರ್ಧ ದಿನ ಉಳಿಯುತ್ತದೆ. ಫೈರ್‌ವಾಲ್ ಹುಡುಕಬೇಕೋ ಕಾನ್ಫಿಗ್ ಹುಡುಕಬೇಕೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಐಪಿಎಕ್ಸ್‌ಇ ದಾಟಿದ ಮೇಲೂ ಮೂರನೇ ಲ್ಯಾಬ್ ಒಮ್ಮೆ ಕಾಡಿತು. ಮೆನು ಬರುತ್ತದೆ, ಡಿಪ್ಲಾಯ್ (ಇಮೇಜ್ ಹಾಕುವುದು) ಶುರುವಾದ ಮೇಲೆ ನೆಟ್‌ವರ್ಕ್ ಇಲ್ಲ. ಇಲ್ಲಿ ಬೂಟ್ ಫೈಲ್ ಮುಟ್ಟಬೇಡಿ, ಇದು ಫಾಗ್ ಕರ್ನಲ್ ಮಾತು. ರಿಯಲ್‌ಟೆಕ್ 8125 ಚಿಪ್‌ಗೆ ಲಿನಕ್ಸ್‌ನಲ್ಲಿ ಬೆಂಬಲ ಬಂದದ್ದೇ 5.4ರಿಂದ. ನನ್ನಲ್ಲಿದ್ದದ್ದು 4.19. ವೆಬ್ ಪುಟದಲ್ಲೇ ಕರ್ನಲ್ ಅಪ್‌ಡೇಟ್ ಇದೆ. ಹೊಸದನ್ನು ಬೇರೆ ಹೆಸರಲ್ಲಿ ಇಳಿಸಿ ಆ ಮಷಿನ್‌ಗಳಿಗೆ ಮಾತ್ರ ಹೋಸ್ಟ್ ಕರ್ನಲ್ ಎಂದು ಕೊಟ್ಟೆ. ಹಳೆಯ ಲ್ಯಾಬ್ ಹಳೆಯ ಕರ್ನಲ್‌ನಲ್ಲೇ ಇದೆ, ಕೆಡದೇ ಇರುವುದನ್ನು ನಾನು ರಿಪೇರಿ ಮಾಡುವುದಿಲ್ಲ.

ಈಗ ಸತ್ತ ಪೋರ್ಟ್‌ಗಳ ಕಥೆ. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತು, ಒಂದು ಸಿಡಿಲಿಗೆ ನಾಲ್ಕೈದು ಲ್ಯಾನ್ ಪೋರ್ಟ್ ಹೋಗುತ್ತವೆ. ಆ ಮಷಿನ್‌ಗಳಿಗೆ 450 ರೂಪಾಯಿಯ ಲ್ಯಾನ್ ಕಾರ್ಡ್ ಹಾಕುತ್ತೇವೆ, ಅದರಲ್ಲಿ ಬೂಟ್ ರಾಮ್ ಇರುವುದಿಲ್ಲ, ರಾಮ್ ಜಾಗದಲ್ಲಿ ಖಾಲಿ ಸಾಕೆಟ್. ಮೊದಲು ಯುಎಸ್‌ಬಿ ಲ್ಯಾನ್ ಡಾಂಗಲ್ ಒಂದನ್ನೇ ಎಲ್ಲದಕ್ಕೂ ಹಾಕಿ ನೋಡಿದೆ. ಮ್ಯಾಕ್ ಒಂದೇ ಆದ್ದರಿಂದ ಫಾಗ್‌ಗೆ ಎಲ್ಲವೂ ಒಂದೇ ಮಷಿನ್, ಎಲ್ಲಕ್ಕೂ ಒಂದೇ ಹೆಸರು ಬಂತು. ಕೊನೆಗೆ ಅವುಗಳಲ್ಲಿರುವ ಉಬುಂಟುವಿನ ಬೂಟ್ ಫೋಲ್ಡರ್‌ಗೆ ಐಪಿಎಕ್ಸ್‌ಇ ಡಾಟ್ ಎಲ್‌ಕೆಆರ್‌ಎನ್ (ಲಿನಕ್ಸ್ ಕರ್ನಲ್‌ನಂತೆ ಎಬ್ಬಿಸಬಹುದಾದ ಐಪಿಎಕ್ಸ್‌ಇ) ಹಾಕಿ ಗ್ರಬ್ ಮೆನುವಿನಿಂದ ಲಿನಕ್ಸ್16 ಎಂದು ಕರೆದೆ. ಲೆಗಸಿ ಮಷಿನ್‌ಗಳಲ್ಲಿ ಇದು ಬಹಳ ಚೆಂದ. ಪೆನ್‌ಡ್ರೈವೂ ಬೇಡ, ರಾಮೂ ಬೇಡ. ನಾಲ್ಕನೇ ಫೈಲ್ ಎಂದದ್ದು ಇದನ್ನೇ. ರಾಸ್ಬೆರಿ ಪೈಯನ್ನು ಟಿಎಫ್‌ಟಿಪಿ ಸರ್ವರ್ ಮಾಡಲೂ ನೋಡಿದೆ. ಬೂಟ್ ಫೈಲ್ ಹಂಚಲು ಅದು ಧಾರಾಳ ಸಾಕು, ಇಮೇಜ್ ಇಡಲು ಬೇಡ.

ಸ್ಪೀಡ್ ಕೇಳುತ್ತೀರಿ, ಹೇಳುತ್ತೇನೆ. ನಮ್ಮ ಇಮೇಜ್‌ನಲ್ಲಿ ವಿಂಡೋಸ್, ಉಬುಂಟು, ಟ್ಯಾಲಿ, ನುಡಿ, ಜೊತೆಗೆ ಡಾಸ್‌ಬಾಕ್ಸ್‌ನಲ್ಲಿ ಟರ್ಬೊ ಸಿ ಇದೆ. ಹೌದು, ಇನ್ನೂ ಟರ್ಬೊ ಸಿ! ಝಡ್‌ಎಸ್‌ಟಿಡಿಯಲ್ಲಿ ಒತ್ತಿದ ಮೇಲೆ ಸುಮಾರು 25 ಜಿಬಿ. ಹಳೆಯ 100 ಎಂಬಿಪಿಎಸ್ ಸ್ವಿಚ್‌ನಲ್ಲಿ ಒಂದು ಮಷಿನ್‌ಗೆ ಮುಕ್ಕಾಲು ಗಂಟೆ ಹತ್ತಿರ ಆಗುತ್ತಿತ್ತು. ಗಿಗಾಬಿಟ್‌ನಲ್ಲಿ ಎಸ್‌ಎಸ್‌ಡಿ ಇದ್ದರೆ ಆರೇಳು ನಿಮಿಷ. ಹೊಸ ಸ್ವಿಚ್ ಹಾಕಿಯೂ ಕೆಲವು ಮಷಿನ್ ಕುಂಟುತ್ತಿದ್ದವು, ನೋಡಿದರೆ ಯಾರೋ ಪುಣ್ಯಾತ್ಮರು ಕೇಬಲ್‌ನಲ್ಲಿ ಎರಡೇ ಜೋಡಿ ವೈರ್ ಕ್ರಿಂಪ್ ಮಾಡಿದ್ದಾರೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಮಲ್ಟಿಕಾಸ್ಟ್ (ಒಂದೇ ಸಲ ಎಲ್ಲ ಮಷಿನ್‌ಗೂ ಕಳಿಸುವುದು) ಒಮ್ಮೆ ಹಚ್ಚಿದೆ. ಅದನ್ನು ಬೇಕಾದ ಪೋರ್ಟ್‌ಗೆ ಮಾತ್ರ ಬಿಡುವ ಐಜಿಎಂಪಿ ಸ್ನೂಪಿಂಗ್ ಸ್ವಿಚ್‌ನಲ್ಲಿ ಇಲ್ಲ, ಆಫೀಸ್‌ನಲ್ಲಿ ಫೀಸ್ ಕಟ್ಟಿಸಿಕೊಳ್ಳುವ ಕಂಪ್ಯೂಟರ್ ಕೂಡ ನಿಂತುಹೋಗಿ ಮೇಡಂ ಓಡಿ ಬಂದರು. ಈಗ ಒಂದೇ ಸಲಕ್ಕೆ ಐದಾರು ಮಷಿನ್ ಯುನಿಕಾಸ್ಟ್ (ಒಂದೊಂದಕ್ಕೂ ಬೇರೆಬೇರೆಯಾಗಿ), ಅಷ್ಟೇ.

ಡಿಪ್ಲಾಯ್ ಆದ ಮೇಲೆ ಹಾರ್ಡ್ ಡಿಸ್ಕ್‌ನಿಂದ ಬೂಟ್ ಆಗದಿದ್ದರೆ ಎಕ್ಸಿಟ್ ಟೈಪ್ (ಐಪಿಎಕ್ಸ್‌ಇ ಬಿಟ್ಟು ಡಿಸ್ಕ್‌ಗೆ ಹೋಗುವ ವಿಧಾನ) ನೋಡಿ. ನಮ್ಮಲ್ಲಿ ಲೆಗಸಿಗೆ ಸ್ಯಾನ್‌ಬೂಟ್, ಯುಇಎಫ್‌ಐಗೆ ರಿಫೈಂಡ್ ಇಎಫ್‌ಐ. ಸೆಕ್ಯೂರ್ ಬೂಟ್ ಆಫ್ ಮಾಡುವುದು ಮಾತ್ರ ಒಂದೊಂದೇ ಮಷಿನ್ ಮುಂದೆ ಕೂತು ಮಾಡಬೇಕು, ಅದಕ್ಕೆ ಹುಡುಗರನ್ನು ಕರೆದುಕೊಂಡು ಹೋಗುತ್ತೇನೆ.

ಮೊದಲು ಒಂದು ಲ್ಯಾಬ್ ಫಾರ್ಮ್ಯಾಟ್ ಮಾಡಲು ಇಬ್ಬರು ಹುಡುಗರು ಮೂರು ದಿನ, ಊಟ ಬಸ್ಸು ಸೇರಿ ನಾಲ್ಕು ಸಾವಿರ ನನ್ನ ಕೈಯಿಂದ ಹೋಗುತ್ತಿತ್ತು. ಈಗ ಪ್ರಾಕ್ಟಿಕಲ್ ಎಕ್ಸಾಮ್ ಹಿಂದಿನ ಸಂಜೆ ಲ್ಯಾಬ್ ಅಸಿಸ್ಟೆಂಟ್ ಅವರೇ ಕ್ಲಿಕ್ ಮಾಡಿ ಮನೆಗೆ ಹೋಗುತ್ತಾರೆ. ಎಎಂಸಿ ರೇಟ್ ನಾನು ಇಳಿಸಿಲ್ಲ. ಸಾಗರದ ಗೆಳೆಯ ಮೊನ್ನೆ ಫೋನ್ ಮಾಡಿ ಫೈಲ್‌ಗಳನ್ನು ಕೇಳಿದ, ಮೂರು ಕಳಿಸಿದ್ದೇನೆ. ಮೂರನೇ ಲ್ಯಾಬ್‌ನ ಫೈಲ್ ಬೇಕಾದರೆ ಅವನೇ ಬರಬೇಕು, ಬರುವಾಗ ಅವನ ಆ ಹೊಸ ಮಷಿನ್ ಒಂದನ್ನೂ ತರಬೇಕು, ಯಾಕೆಂದರೆ ಅದರಲ್ಲಿ ಯಾವ ವರ್ಷನ್ ಏಳುತ್ತದೆ ಎಂದು ಹಾಕಿ ನೋಡದೆ ಹೇಳಲು ಆಗುವುದಿಲ್ಲ.