ಮಾಸ್ಟರ್ ಎಲ್ಲಿ ಕೂರ್ತಾರೆ?

ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋ ಸ್ಟೇಷನ್ನಿನ ಫೋಟೋವನ್ನು ಅಪ್ಪನಿಗೆ ವಾಟ್ಸಾಪ್ ಮಾಡಿದ ದಿನ ನನಗೆ ಒಳಗೊಳಗೇ ಹೆಮ್ಮೆ. 1927ರ ಕಟ್ಟಡ, ಮುಂದೆ ಎತ್ತರದ ಕಂಬಗಳು. ಒಂದು ಕಾರೂ ಅಡ್ಡ ಬರದ ಗಳಿಗೆಗಾಗಿ ಬೆಳಗಿನ ಚಳಿಯಲ್ಲಿ ಮುಕ್ಕಾಲು ಗಂಟೆ ಕಾದು ತೆಗೆದದ್ದು. ಅರ್ಧ ಗಂಟೆ ಬಿಟ್ಟು ಅಪ್ಪನ ಧ್ವನಿ ಬಂತು: "ಚೆನ್ನಾಗಿದೆ ಕಣೋ, ಬ್ಯಾಂಕ್ ಇದ್ದಂಗಿದೆ. ಅದ್ಸರಿ, ಮಾಸ್ಟರ್ ಎಲ್ಲಿ ಕೂರ್ತಾರೆ?"

ಅಪ್ಪ ಮೂವತ್ತು ಚಿಲ್ಲರೆ ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದವರು. ಬೀರೂರು, ಕಡೂರಿನ ಆಸುಪಾಸಿನಲ್ಲೇ ಸರ್ವೀಸಿನ ಬಹುಪಾಲು ಕಳೆಯಿತು. ನಾನು ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ, ಮೀಟರ್ ಗೇಜ್ ಕಾಲದಲ್ಲಿ, ತೂಗುಹಾಕಿದ ಹಳಿಯ ತುಂಡಿಗೆ ಕಬ್ಬಿಣದಿಂದ ಬಾರಿಸುವ ಗಂಟೆಯ ಸದ್ದಿನಲ್ಲಿ. ಹಾಗಿದ್ದೂ ಅಮೆರಿಕಕ್ಕೆ ಬಂದು ಕ್ಯಾಮೆರಾ ಹೆಗಲಿಗೇರಿಸಿ ಮೂರು ವರ್ಷ ಸ್ಟೇಷನ್ ಸುತ್ತಿದವನಿಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಹಳೇ ಫೋಟೋಗಳನ್ನೆಲ್ಲ ನೋಡಿದೆ. ನಲವತ್ತು ಊರಿನ ಸ್ಟೇಷನ್ನುಗಳು, ಎಲ್ಲವೂ ರಸ್ತೆ ಕಡೆಯಿಂದ. ಕಾರು ನಿಲ್ಲಿಸಿದ ಕಡೆ ಇಳಿದು, ಅಲ್ಲೇ ನಿಂತು ಕ್ಲಿಕ್ಕಿಸಿದ್ದು. ಹಳಿ ಕಾಣುವ ಚಿತ್ರ ನಾಲ್ಕೋ ಐದೋ ಇತ್ತು. ಹೆಂಡತಿ ಆಗಾಗ "ರೀ, ಹೋದ ವಾರದ್ದೂ ಇದೇ ಅಲ್ವಾ?" ಅನ್ನುತ್ತಿದ್ದದ್ದು ಸುಮ್ಮನೆ ಅಲ್ಲ.

ಸಣ್ಣ ಊರಿನ ಸ್ಟೇಷನ್ನಿಗೆ ಇಲ್ಲಿ ಡಿಪೋ ಅನ್ನುತ್ತಾರೆ. ನಮಗೆ ಡಿಪೋ ಅಂದರೆ ರಾತ್ರಿ ಬಸ್ಸು ಮಲಗುವ ಜಾಗ. ನನಗೆ ಅದು ಬಾಯಿಗೆ ಬರಲು ವರ್ಷ ಹಿಡಿಯಿತು. ಡಿಪೋಗಳು ಒಂದರ ಹಾಗೆ ಒಂದು ಕಾಣುವುದಕ್ಕೂ ಕಾರಣವಿದೆ. ರೈಲು ಕಂಪನಿಗಳು ಒಂದೇ ನಕ್ಷೆ ಇಟ್ಟುಕೊಂಡು ಊರೂರಿಗೂ ಕಟ್ಟಿಸುತ್ತಿದ್ದವು. ಉದ್ದನೆಯ ಮರದ ಕಟ್ಟಡ, ಒಂದು ತುದಿಗೆ ಜನ ಕೂರುವ ಕೋಣೆ, ಇನ್ನೊಂದು ತುದಿಗೆ ಸರಕಿನ ಕೋಣೆ, ನಡುವೆ ಆಫೀಸು. ಆ ಆಫೀಸಿನ ಗೋಡೆ ಮಾತ್ರ ಹಳಿಯ ಕಡೆಗೆ ಎರಡು ಮೂರು ಅಡಿ ಹೊಟ್ಟೆ ಮುಂದೆ ಚಾಚಿಕೊಂಡಿರುತ್ತದೆ. ಮೂರು ಮಗ್ಗುಲಿಗೂ ಕಿಟಕಿ. ಅಪ್ಪ ಕೇಳಿದ ಜಾಗ ಅದೇ. ಕುರ್ಚಿ ಬಿಟ್ಟೇಳದೆ ಎಡಕ್ಕೂ ಬಲಕ್ಕೂ ಹಳಿ ಕಾಣಬೇಕು, ಕೈ ಮಾತ್ರ ಟೆಲಿಗ್ರಾಫಿನ ಕಟ್ಟೆಯ ಮೇಲೇ ಇರಬೇಕು. 1851ರಲ್ಲಿ ಈರಿ ರೈಲ್‌ರೋಡಿನ ಸೂಪರಿಂಟೆಂಡೆಂಟ್ ಚಾರ್ಲ್ಸ್ ಮಿನೋ ಮೊದಲ ಬಾರಿಗೆ ತಂತಿಯ ಮೂಲಕ ರೈಲಿಗೆ ಆಜ್ಞೆ ಕಳಿಸಿದ. ಆ ಪದ್ಧತಿ ಊರೂರಿಗೆ ಹಬ್ಬಿದ ಮೇಲೆ ಟಿಕೆಟ್ ಕೊಡುವ ಏಜೆಂಟನೇ ತಂತಿ ಕೇಳುವವನೂ ಆದ, ರೈಲಿಗೆ ಆಜ್ಞೆ ಮುಟ್ಟಿಸುವವನೂ ಆದ.

ಮುಟ್ಟಿಸುವ ಬಗೆ ನನಗೆ ಗೊತ್ತಾದದ್ದು ಮ್ಯೂಸಿಯಂ ಆಗಿರುವ ಒಂದು ಡಿಪೋದಲ್ಲಿ. ಕೋಟು ಹಾಕುವ ಗೂಟಕ್ಕೆ ಬೆತ್ತದ ದೊಡ್ಡ ಬಳೆಯೊಂದು ನೇತುಬಿದ್ದಿತ್ತು. ನೋಡುತ್ತಲೇ ಗುರುತು ಸಿಕ್ಕಿತು: ಅಪ್ಪ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಡ್ರೈವರ್ ಕಡೆಗೆ ಎತ್ತಿ ಹಿಡಿಯುತ್ತಿದ್ದ ಟೋಕನ್ ಬಳೆಯ ಅಣ್ಣನೋ ತಮ್ಮನೋ! ನಮ್ಮದರಲ್ಲಿ ಚರ್ಮದ ಚೀಲ, ಚೀಲದೊಳಗೆ ಲೋಹದ ಗುಂಡು, ಮುಂದಿನ ಸ್ಟೇಷನ್ನಿನವರೆಗೆ ಹೋಗಲು ಅದೇ ಅನುಮತಿ. ಇವರದ್ದರಲ್ಲಿ ಹಿಡಿಕೆಗೆ ಸಿಕ್ಕಿಸಿದ ತೆಳು ಕಾಗದ. ಓಡುವ ಎಂಜಿನ್ನಿನಿಂದ ಕೈ ಚಾಚಿ ಬಳೆಯನ್ನು ತೋಳಿಗೆ ಸಿಕ್ಕಿಸಿಕೊಂಡು, ಕಾಗದ ಕಿತ್ತುಕೊಂಡು, ಬಳೆಯನ್ನು ಆಚೆ ಎಸೆಯುತ್ತಿದ್ದರಂತೆ. ಏಜೆಂಟ್ ಮಹಾಶಯ ಹಳಿಗುಂಟ ನಡೆದುಹೋಗಿ ಎಲ್ಲಿ ಬಿದ್ದಿದೆಯೋ ಹುಡುಕಿ ತರಬೇಕು. ಆಮೇಲೆ ವೈ ಆಕಾರದ ಕೋಲು ಬಂತು, ಅದಕ್ಕೆ ದಾರ ಕಟ್ಟಿ ದಾರದ ಗಂಟಿಗೆ ಕಾಗದ. ಡ್ರೈವರ್ ದಾರ ಎಳೆದುಕೊಂಡು ಹೋದರೆ ಕೋಲು ಏಜೆಂಟನ ಕೈಯಲ್ಲೇ ಉಳಿಯುತ್ತದೆ. ಅಲ್ಲಿನ ಸ್ವಯಂಸೇವಕ ಅಜ್ಜ ಬಳೆಯನ್ನು ನನ್ನ ಕೈಗೇ ಕೊಟ್ಟರು. ಅಂಗೈ ತಾಗುವ ಕಡೆ ಬೆತ್ತ ಕಪ್ಪಾಗಿ ಎಣ್ಣೆ ಹಚ್ಚಿದಂತೆ ನುಣುಪಾಗಿತ್ತು. ಆ ನುಣುಪಿನ ಫೋಟೋ ಒಂದನ್ನೇ ಅವತ್ತು ಅಪ್ಪನಿಗೆ ಕಳಿಸಿದ್ದು. ತಕ್ಷಣ ಫೋನು ಬಂತು. ಮಳೆಯಲ್ಲಿ ಬಳೆ ಜಾರಿದ್ದು, ಗಾಡಿ ನಿಲ್ಲಿಸಬೇಕಾಗಿ ಬಂದದ್ದು, ಮೇಲಿನವರಿಗೆ ವಿವರಣೆ ಬರೆದುಕೊಟ್ಟದ್ದು, ಒಂದೂವರೆ ಗಂಟೆ.

ಅಲ್ಲಿಂದ ನನ್ನ ಕ್ರಮವೇ ಬದಲಾಯಿತು. ಈಗ ಹೋದ ಕೂಡಲೇ ಕ್ಯಾಮೆರಾ ತೆಗೆಯುವುದಿಲ್ಲ. ಮೊದಲು ಆ ಚಾಚು ಕಿಟಕಿ ಎಲ್ಲಿದೆ ನೋಡುತ್ತೇನೆ. ಆಮೇಲೆ ಸರಕಿನ ಬಾಗಿಲು: ಅದು ಗಾಡಿಯ ಎತ್ತರಕ್ಕೆ ಸರಿಯಾಗಿರುತ್ತದೆ, ಹೊಸ್ತಿಲು ಸವೆದಿರುತ್ತದೆ. ಬೆಳಕಿನ ವಿಷಯದಲ್ಲಿ ನಾನು ಕಲಿತದ್ದು ಉಳಿದವರು ಹೇಳುವುದಕ್ಕೆ ಉಲ್ಟಾ. ಡಿಪೋಗಳ ಸೂರು ನಮ್ಮ ಮಲೆನಾಡಿನ ಮನೆಗಳ ಹಾಗೆ ಮುಂದಕ್ಕೆ ಬಾಗಿರುತ್ತದೆ. ಸಂಜೆಯ ಹೊಂಬಿಸಿಲು ಅಂತ ಆಸೆಪಟ್ಟು ಹೋದರೆ ಗೋಡೆಯ ಅರ್ಧ ಬಂಗಾರ, ಉಳಿದರ್ಧ ಕಗ್ಗತ್ತಲು, ಕಿಟಕಿ ಬೀಳುವುದು ಕತ್ತಲಿನ ಪಾಲಿಗೆ. ಮೋಡ ಕವಿದ ಮಧ್ಯಾಹ್ನವೇ ವಾಸಿ, ಸೂರಿನಡಿಯ ಬಣ್ಣ, ಮೊಳೆ, ಬಿರುಕು ಎಲ್ಲ ಸಮನಾಗಿ ಸಿಗುತ್ತದೆ. ಬಿಸಿಲಿದ್ದರೆ ಒಂದು ಸರಿಯಾಗಿ, ಒಂದು ಕಪ್ಪಾಗಿ, ಒಂದು ಬಿಳಿಚಿದಂತೆ ಮೂರು ಫೋಟೋ ತೆಗೆದು ಮನೆಯಲ್ಲಿ ಜೋಡಿಸುತ್ತೇನೆ, ಮನಸ್ಸಿಲ್ಲದೆ. ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಕಟ್ಟಡ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ಮಟ್ಟಸವಾಗಿ ಹಿಡಿದು, ಹಿಂದೆ ಹಿಂದೆ ಹೋಗಿ, ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಆಮೇಲೆ ಕತ್ತರಿಸುತ್ತೇನೆ.

ಟ್ರೈಪಾಡ್ ಮನೆಯಲ್ಲೇ ಬಿಡುತ್ತೇನೆ. ದೊಡ್ಡ ಸ್ಟೇಷನ್ನುಗಳಲ್ಲಿ ಬಿಚ್ಚಿದ ತಕ್ಷಣ ಯಾರಾದರೂ ಬಂದು ಕೇಳುತ್ತಾರೆ, ಕೆಲವು ಕಡೆ ಅನುಮತಿ ಪತ್ರವೇ ಬೇಕು. ಅದರ ಬದಲಿಗೆ ಹೆಂಡತಿ ಹೊಲಿದುಕೊಟ್ಟ ಬಟ್ಟೆಯ ಚೀಲ, ಒಳಗೆ ಒಂದು ಸೇರು ಸೋನಾ ಮಸೂರಿ. ಬೆಂಚಿನ ಮೇಲೋ ಕಟಾಂಜನದ ಮೇಲೋ ಇಟ್ಟು ಕ್ಯಾಮೆರಾ ಅದುಮಿದರೆ ಅರ್ಧ ಸೆಕೆಂಡಿನ ಶಟರ್ ಕೂಡ ಅಲುಗುವುದಿಲ್ಲ. ಒಮ್ಮೆ ಚೀಲದ ಹೊಲಿಗೆ ಬಿಟ್ಟು ನೂರು ವರ್ಷದ ಬೆಂಚಿನ ಮೇಲೆ ಅಕ್ಕಿ ಚೆಲ್ಲಾಡಿ, ಮದುವೆ ಮನೆಯ ಅಕ್ಷತೆ ಹೆಕ್ಕಿದ ಹಾಗೆ ಹೆಕ್ಕಿದ್ದೇನೆ.

ಒಂದು ತಪ್ಪು ಮಾಡಿದ್ದೇನೆ, ನೀವು ಮಾಡಬೇಡಿ. ಹಳಿ ಕಡೆಯ ಗೋಡೆ ಪೂರ್ತಿ ಬರಲಿ ಅಂತ ಒಂದು ಊರಲ್ಲಿ ಜಲ್ಲಿಕಲ್ಲಿನ ಮೇಲೆ ಹತ್ತಿ ಹಳಿ ಪಕ್ಕವೇ ನಿಂತೆ. ಬೀರೂರಿನಲ್ಲಿ ಬೆಳೆದವನಿಗೆ ಹಳಿ ಅಂದರೆ ಶಾಲೆಗೆ ಹೋಗುವ ಅಡ್ಡದಾರಿ. ಇಲ್ಲಿ ಬಹುತೇಕ ಹಳಿ, ಅದರ ಅಕ್ಕಪಕ್ಕದ ಜಾಗ, ಎಲ್ಲ ಖಾಸಗಿ ಸರಕು ಕಂಪನಿಗಳದ್ದು, ಕಾಲಿಟ್ಟರೆ ಅತಿಕ್ರಮ ಪ್ರವೇಶ. ಕಾವಲಿನವನು ಬಂದು ಡ್ರೈವಿಂಗ್ ಲೈಸೆನ್ಸ್ ಇಸಿದುಕೊಂಡು ಹತ್ತು ನಿಮಿಷ ಕಾಯಿಸಿ, ಎಚ್ಚರಿಕೆ ಕೊಟ್ಟು ಬಿಟ್ಟ. ಅವನು ಹೇಳಿದ್ದು ಸರಿಯೇ. ಗಾಡಿ ಹಳಿಗಿಂತ ಮೂರು ಅಡಿಯಾದರೂ ಆಚೆಗೆ ಚಾಚಿರುತ್ತದೆ, ಗಂಟೆಗೆ 55 ಮೈಲಿಯಲ್ಲಿ ಬರುವ ಸರಕು ಗಾಡಿ ಬ್ರೇಕ್ ಹಾಕಿ ನಿಲ್ಲಲು ಒಂದು ಮೈಲಿಗೂ ಹೆಚ್ಚು ಬೇಕು. ಈಗ ಪ್ಲಾಟ್‌ಫಾರ್ಮಿನಿಂದ, ಇಲ್ಲವೇ ಹಳಿಯಾಚೆಯ ಸಾರ್ವಜನಿಕ ರಸ್ತೆಯಿಂದ ಉದ್ದನೆಯ ಲೆನ್ಸ್ ಹಾಕಿ ತೆಗೆಯುತ್ತೇನೆ. ನಿಜ ಹೇಳಬೇಕೆಂದರೆ ಚಿತ್ರವೂ ಆಗಲೇ ಚೆನ್ನಾಗಿ ಬರುತ್ತದೆ.

ದಕ್ಷಿಣದ ರಾಜ್ಯಗಳ ಡಿಪೋಗಳಲ್ಲಿ ಮಾಸ್ಟರ್ ಕೂರುವ ಜಾಗ ಹುಡುಕುತ್ತಾ ಹೋದಾಗ ಇನ್ನೊಂದು ಕಣ್ಣಿಗೆ ಬಿತ್ತು. ಜನ ಕೂರುವ ಕೋಣೆ ಒಂದಲ್ಲ, ಎರಡು. ಬಾಗಿಲೂ ಎರಡು. ಮೊದಮೊದಲು ಗಂಡಸರಿಗೊಂದು ಹೆಂಗಸರಿಗೊಂದು ಅಂದುಕೊಂಡಿದ್ದೆ, ಕೆಲವು ಪ್ರದೇಶಗಳಲ್ಲಿ ಹಾಗೆಯೇ ಇತ್ತು ಕೂಡ. ಇಲ್ಲಿ ಮಾತ್ರ ಒಂದು ಬಿಳಿಯರಿಗೆ, ಒಂದು ಕಪ್ಪು ಜನರಿಗೆ. ಆಫೀಸು ಎರಡರ ನಡುವೆ; ಒಬ್ಬನೇ ಏಜೆಂಟ್ ಒಂದೇ ಕುರ್ಚಿಯಿಂದ ಈ ಕಡೆಗೊಂದು ಆ ಕಡೆಗೊಂದು ಕಿಂಡಿಯಲ್ಲಿ ಟಿಕೆಟ್ ಕೊಡುತ್ತಿದ್ದ. 1896ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಬೇರ್ಪಡಿಸಿ ಕೂರಿಸುವುದು ಸರಿ ಅಂದ ಪ್ರಕರಣವೂ ಒಂದು ರೈಲು ಬೋಗಿಯದ್ದೇ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ರೈಲು ಪ್ರಯಾಣಿಕರಿಗೆ ಇಂಥ ಕೋಣೆಗಳು ಕೂಡದು ಅಂತ ಆದೇಶ ಬಂದದ್ದು 1955ರಲ್ಲಿ. ಈಗ ಅದೇ ಕೋಣೆಗಳಲ್ಲಿ ಹೋಟೆಲು, ಸೀರೆಯಷ್ಟು ಬೆಲೆಯ ಮೇಣದಬತ್ತಿ ಮಾರುವ ಅಂಗಡಿ. ನಾನು ಎರಡೂ ಬಾಗಿಲು ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ತೆಗೆಯುತ್ತೇನೆ. ಒಂದೇ ಬಾಗಿಲು ತೆಗೆದರೆ ಚಿತ್ರ ಚೆನ್ನ, ಸಂಗತಿ ಸುಳ್ಳು.

ಹ್ಯಾಮ್ಲೆಟ್ ಬಗ್ಗೆ ಹೇಳದಿದ್ದರೆ ಆಗದು. ಉತ್ತರ ಕೆರೊಲಿನಾದ್ದೇ ಸಣ್ಣ ಊರು, ಜಾಝ್‌ನ ಜಾನ್ ಕೋಲ್ಟ್ರೇನ್ ಹುಟ್ಟಿದ್ದು ಇಲ್ಲಿ. 1900ರಲ್ಲಿ ಕಟ್ಟಿದ ಮರದ ಸ್ಟೇಷನ್. ಎರಡು ಮಾರ್ಗಗಳು ಕತ್ತರಿಯಂತೆ ಕೂಡುವ ಮೂಲೆಗಾಗಿ ಕಟ್ಟಿದ್ದು, ಅದಕ್ಕೇ ಮೂಲೆ ಮೂಲೆಯಾಗಿಲ್ಲ, ದುಂಡಗೆ ತಿರುಗಿದೆ, ಮೇಲಿನ ಸೂರೂ ಅದರ ಜೊತೆಗೇ ಸುತ್ತಿಕೊಂಡಿದೆ. ಇಡೀ ಕಟ್ಟಡವನ್ನು ಎತ್ತಿ ಹಳಿಯ ಆಚೆ ಬದಿಗೆ ಸಾಗಿಸಿ ಉಳಿಸಿಕೊಂಡಿದ್ದಾರೆ, ಇಲ್ಲಿನ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್‌ನ ರೈಲು ಈಗಲೂ ನಿಲ್ಲುತ್ತದೆ. ನಾನು ಮೂರು ಸಲ ಹೋಗಿದ್ದೇನೆ. ಆ ದುಂಡು ಮೂಲೆಯನ್ನು ಬಾಗಿಸದೆ ಹಿಡಿಯುವುದು ಇನ್ನೂ ಕೈಗೆ ಬಂದಿಲ್ಲ.

ದೊಡ್ಡ ಸ್ಟೇಷನ್ನುಗಳಲ್ಲಿ ಅಪ್ಪನ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್, ಲಾಸ್ ಏಂಜಲೀಸ್, ಡೆನ್ವರ್ ಎಲ್ಲ ನೋಡಿ ಬಂದೆ, ಚೆಂದಕ್ಕೇನೂ ಕಮ್ಮಿಯಿಲ್ಲ, ಆದರೆ ಅಲ್ಲಿ ನನಗಿಂತ ಮೊದಲೇ ಲಕ್ಷ ಜನ ಅದೇ ಫೋಟೋ ತೆಗೆದಿದ್ದಾರೆ. ಸಿನ್ಸಿನಾಟಿ ಬೇರೆ. ಗ್ರೀನ್ಸ್‌ಬರೋ ಕಟ್ಟಿದ ಫೆಲ್‌ಹೈಮರ್ ಮತ್ತು ವ್ಯಾಗ್ನರ್ ಜೋಡಿಯೇ 1933ರಲ್ಲಿ ಅದನ್ನೂ ಮುಗಿಸಿದ್ದು. ಹಳೇ ರೇಡಿಯೋ ಪೆಟ್ಟಿಗೆಯನ್ನು ಆನೆ ಗಾತ್ರಕ್ಕೆ ಹಿಗ್ಗಿಸಿದಂತಿದೆ. ಒಳಗೆ 180 ಅಡಿ ಅಗಲದ ಅರ್ಧ ಗುಮ್ಮಟ, ಗೋಡೆಯ ಮೇಲೆ ವೀನೋಲ್ಡ್ ರೈಸ್ ರಚಿಸಿದ ಗಾಜಿನ ಚೂರುಗಳ ಚಿತ್ರಗಳು. ಈಗ ಅದು ಮ್ಯೂಸಿಯಂ. ವಾರಕ್ಕೆ ಮೂರು ದಿನ ಅಪರಾತ್ರಿಯಲ್ಲಿ ಒಂದು ಪ್ಯಾಸೆಂಜರ್ ರೈಲು ಬಂದುಹೋಗುತ್ತದೆ, ಅಷ್ಟೇ.

ಗುಮ್ಮಟದ ಹಿಂದೆ, ಮೇಲೆ, ಟವರ್ ಎ ಅಂತ ಒಂದು ಕೋಣೆ. ಬಂದ ಗಾಡಿ ಯಾವ ಹಳಿಗೆ ಅಂತ ತೀರ್ಮಾನಿಸುತ್ತಿದ್ದದ್ದು ಅಲ್ಲಿ ಕೂತವರು. ಊರಿನ ರೈಲು ಪ್ರೇಮಿಗಳ ಸಂಘ ಅದನ್ನು ಜೋಪಾನ ಮಾಡಿದೆ. ಹಳಿಗಳ ನಕ್ಷೆಯ ಫಲಕ ಗೋಡೆಯಲ್ಲಿ ಹಾಗೇ ಇದೆ, ಕಿಟಕಿಯಿಂದ ಕೆಳಗೆ ಇಡೀ ಸರಕು ಯಾರ್ಡ್ ಕಾಣುತ್ತದೆ. ಗಾಜಿನಲ್ಲಿ ನನ್ನದೇ ಮುಖ ಮೂಡುತ್ತಿತ್ತು. ಲೆನ್ಸನ್ನು ಗಾಜಿಗೆ ಒತ್ತಿ, ಹೆಂಡತಿಯ ಕಪ್ಪು ಶಾಲನ್ನು ತಲೆ ಮೇಲೆ ಹೊದ್ದು, ಮದುಮಗಳ ಹಾಗೆ ಬಗ್ಗಿ ತೆಗೆದೆ. ಅಪ್ಪ ಆ ಫೋಟೋಗೆ ಕೊಟ್ಟ ಉತ್ತರ: "ಇದು ಸ್ಟೇಷನ್." ಅದೇ ಹುರುಪಿನಲ್ಲಿ ಗ್ರೀನ್ಸ್‌ಬರೋಗೆ ಮತ್ತೆ ಹೋಗಿ ಟಿಕೆಟ್ ಕೌಂಟರಿನ ಮೇಲಿರುವ ಸದರನ್ ರೈಲ್ವೆಯ ದೊಡ್ಡ ನಕ್ಷೆ ತೆಗೆದು ಕಳಿಸಿದರೆ, "ನಮ್ಮ ಸದರನ್ ರೈಲ್ವೆ ಅಲ್ಲೂ ಇತ್ತೇನೋ?" ಅಂತ ಎರಡು ದಿನ ಮನೆಗೆ ಬಂದವರಿಗೆಲ್ಲ ತೋರಿಸಿದರಂತೆ. ಹೆಸರೊಂದೇ ಅಂತ ಹೇಳಿದೆ. ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಹೊರಡುವ ಮುಂಚೆ ಈಗ ಮನೆಪಾಠ ಮಾಡುತ್ತೇನೆ. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸ್ಯಾನ್‌ಬಾರ್ನ್ ಕಂಪನಿಯ ಹಳೇ ಬೆಂಕಿ ವಿಮೆ ನಕ್ಷೆಗಳು ಪುಕ್ಕಟೆ ಸಿಗುತ್ತವೆ. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ, ಮರದ್ದಕ್ಕೆ ಹಳದಿ ಬಣ್ಣ, ಡಿಪೋ ಮೊದಲು ಎಲ್ಲಿತ್ತು ಅನ್ನುವುದು ಖಚಿತ. ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿದ ಕಟ್ಟಡವಾದರೆ ಅದರ ಅರ್ಜಿಯಲ್ಲಿ ಕೋಣೆ ಕೋಣೆಯ ವಿವರ ಇರುತ್ತದೆ. ಈ ಪಾಠ ಕಲಿಸಿದ್ದು ಹೋದ ನವೆಂಬರಿನ ಒಂದು ಪ್ರಯಾಣ. ಅಂತರ್ಜಾಲದ ನಕ್ಷೆಯ ಹಳೇ ಚಿತ್ರ ನಂಬಿ ನಾಲ್ಕು ಗಂಟೆ ಕಾರು ಓಡಿಸಿ ಹೋದರೆ ಡಿಪೋ ಇರಲಿಲ್ಲ. ಪಕ್ಕದ ಪೆಟ್ರೋಲ್ ಬಂಕಿನವನಿಗೂ ಯಾವಾಗ ಕೆಡವಿದರು ನೆನಪಿಲ್ಲ.

ಉಳಿದಿದ್ದದ್ದು ಸಿಮೆಂಟಿನ ನೆಲಗಟ್ಟು, ಅದರ ಸುತ್ತ ಪ್ಲಾಟ್‌ಫಾರ್ಮಿಗೆ ಹಾಸಿದ್ದ ಇಟ್ಟಿಗೆ. ಕೋಪಕ್ಕೆ ಕಾರಿನತ್ತ ಹೊರಟವನು ನಿಂತೆ. ಇಟ್ಟಿಗೆಯ ಸಾಲು ಗೋಡೆಗುಂಟ ನೇರವಾಗಿ ಬಂದು, ಒಂದು ಕಡೆ ಮಾತ್ರ ಹಳಿಯತ್ತ ಓರೆಯಾಗಿ ತಿರುಗಿ, ನಾಲ್ಕು ಹೆಜ್ಜೆ ನೇರ ಹೋಗಿ, ಮತ್ತೆ ಓರೆಯಾಗಿ ಒಳಕ್ಕೆ ಬಂದಿತ್ತು. ಓರೆಗೆ ಹೊಂದುವ ಹಾಗೆ ಒಂದೊಂದು ಇಟ್ಟಿಗೆಯನ್ನೂ ಉಳಿಯಿಂದ ಕತ್ತರಿಸಿದ್ದರು. ಸಂಜೆ ನಾಲ್ಕೂವರೆ. ಮೊಣಕಾಲೂರಿ, ಅಕ್ಕಿ ಚೀಲ ನೆಲಕ್ಕಿಟ್ಟು, ಕೆಳಗಿನಿಂದ ತೆಗೆದೆ. ಏನೂ ಬರೆಯದೆ ಅಪ್ಪನಿಗೆ ಕಳಿಸಿದೆ.

ಊರಲ್ಲಿ ಬೆಳಗಾದ ಮೇಲೆ ಫೋನು ಬಂತು. "ಸಂಜೆ ತೆಗ್ದಿದ್ದಾ?"

"ಹೂಂ ಅಪ್ಪ."

"ನೆರಳು ನೋಡು, ಕಟ್ಟಡ ಇದ್ದ ಕಡೆಗೇ ಬಿದ್ದಿದೆ. ಪಶ್ಚಿಮಕ್ಕೆ ಕಿಟಕಿ ಇಟ್ಟವ್ರೆ. ಎರಡು ಗಂಟೆ ಮೇಲೆ ಮುಖಕ್ಕೇ ಬಿಸಿಲು ಹೊಡೀತಿತ್ತು, ಪಾಪ."