ಮೂಟೆಯಲ್ಲಿ ತಂದರೆ ಉಳಿತಾಯ ಎಷ್ಟು? ಸಗಟು ಮಳಿಗೆಗೆ ಹೋಗುವ ಮುನ್ನ ಮಾಡಬೇಕಾದ ಲೆಕ್ಕ

ಸಗಟಿನಲ್ಲಿ ತಂದ ದಿನಸಿ ಕೆಡುವ ಮೊದಲೇ ಮನೆಯಲ್ಲಿ ಖರ್ಚಾದರೆ ಮಾತ್ರ ಅದು ಅಗ್ಗ. ಬೆಂಗಳೂರಿನಲ್ಲಿ ಮೂಟೆಗಟ್ಟಲೆ ಕೊಳ್ಳಲು ಜಾಗಗಳಿಗೇನೂ ಕೊರತೆಯಿಲ್ಲ. ಯಶವಂತಪುರದ ಎಪಿಎಂಸಿ ಯಾರ್ಡ್ ಇದೆ, ತರಗುಪೇಟೆಯ ಮಂಡಿಗಳಿವೆ, ಗೋದಾಮಿನಷ್ಟು ದೊಡ್ಡ ಸಗಟು ಮಳಿಗೆಗಳಿವೆ. ಎಲ್ಲ ಕಡೆಯೂ ಕೆಜಿ ದರ ಕಡಿಮೆ ಕಾಣುತ್ತದೆ. ಆ ಕಡಿಮೆ ದರದಲ್ಲಿ ನಿಮ್ಮ ಕೈಗೆ ಉಳಿಯುವುದೆಷ್ಟು ಎಂದು ತಿಳಿಯಲು ಸ್ವಲ್ಪ ಲೆಕ್ಕ ಹಾಕಬೇಕು. ಹತ್ತನೇ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕವಿದು.

ಈ ಮಳಿಗೆಗಳ ವ್ಯವಹಾರ

ಸದಸ್ಯರಿಗೆ ಮಾತ್ರ ಮಾರುವ ಗೋದಾಮು ಮಳಿಗೆ ಅಮೆರಿಕದ ಪದ್ಧತಿ. ಸ್ಯಾನ್ ಡಿಯೇಗೊದಲ್ಲಿ ಸೋಲ್ ಪ್ರೈಸ್ 1976ರಲ್ಲಿ ‘ಪ್ರೈಸ್ ಕ್ಲಬ್’ ತೆರೆದಾಗ ಗಿರಾಕಿಗಳೆಲ್ಲ ಸಣ್ಣ ವ್ಯಾಪಾರಿಗಳು. ವರ್ಷಕ್ಕೆ 25 ಡಾಲರ್ ಕಟ್ಟಿದವರಿಗೆ ಮಾತ್ರ ಒಳಗೆ ಪ್ರವೇಶ. 1983ರಲ್ಲಿ ಕಾಸ್ಟ್‌ಕೊ ಮತ್ತು ಸ್ಯಾಮ್ಸ್ ಕ್ಲಬ್ ಆರಂಭವಾದವು. ಕಾಸ್ಟ್‌ಕೊ ಮಳಿಗೆಯೊಂದರಲ್ಲಿ ಸುಮಾರು 4,000 ಬಗೆಯ ಸಾಮಾನು ಮಾತ್ರ ಇರುತ್ತದೆ, ಸಾಮಾನ್ಯ ಸೂಪರ್ ಮಾರ್ಕೆಟ್‌ನಲ್ಲಿ ಇದರ ಹಲವು ಪಟ್ಟು ಇರುತ್ತದೆ. ಬಗೆ ಕಡಿಮೆಯಾದಷ್ಟೂ ಒಂದೊಂದನ್ನೂ ಭಾರಿ ಪ್ರಮಾಣದಲ್ಲಿ ಕೊಂಡು ಚೌಕಾಸಿ ಮಾಡಬಹುದು. ಅಲಂಕಾರದ ಖರ್ಚಿಲ್ಲ, ಸಾಮಾನು ಬಂದ ಪೆಟ್ಟಿಗೆಯಲ್ಲೇ ಮಾರಾಟಕ್ಕಿರುತ್ತದೆ. ಮಾರಾಟದ ಮೇಲಿನ ಲಾಭವನ್ನು ಕಂಪನಿ ಬಿಗಿಯಾಗಿ ಇಟ್ಟುಕೊಂಡು ಸದಸ್ಯತ್ವದ ಹಣವನ್ನು ನೆಚ್ಚಿಕೊಂಡಿದೆ. 2024ರ ಹಣಕಾಸು ವರ್ಷದಲ್ಲಿ ಕಾಸ್ಟ್‌ಕೊಗೆ ಸದಸ್ಯತ್ವ ಶುಲ್ಕವೊಂದರಿಂದಲೇ ಸುಮಾರು 480 ಕೋಟಿ ಡಾಲರ್ ಬಂತು. ಆ ವರ್ಷದ ನಿವ್ವಳ ಲಾಭ ಸುಮಾರು 737 ಕೋಟಿ ಡಾಲರ್.

ಈ ಪದ್ಧತಿಯ ಒಳಿತು ಕೆಡುಕು ಎರಡೂ ಈ ಶುಲ್ಕದಲ್ಲೇ ಇವೆ. ಮೊದಲೇ ಹಣ ಕಟ್ಟಿದ ಗಿರಾಕಿಗೆ ನಿಜವಾಗಿಯೂ ಕಡಿಮೆ ದರ ಸಿಗುತ್ತದೆ. ಜೊತೆಗೆ, ಕಟ್ಟಿದ ಹಣ ಹುಟ್ಟಿಸಿಕೊಳ್ಳಬೇಕೆಂಬ ಆತುರವೂ ಅವನಿಗೆ ಅಂಟಿಕೊಳ್ಳುತ್ತದೆ. ಬೇಡದ್ದೂ ಗಾಡಿಗೆ ಏರುತ್ತದೆ.

ಭಾರತದಲ್ಲಿ ಕಾಸ್ಟ್‌ಕೊ ಮಳಿಗೆ ಇಲ್ಲ. ಬೆಂಗಳೂರಿಗೆ ಈ ಬಗೆಯ ವ್ಯಾಪಾರವನ್ನು ತಂದದ್ದು ಜರ್ಮನಿಯ ಮೆಟ್ರೊ ಕ್ಯಾಶ್ ಅಂಡ್ ಕ್ಯಾರಿ, 2003ರಲ್ಲಿ. ವಿದೇಶಿ ಬಂಡವಾಳದ ಸಗಟು ಕಂಪನಿಗಳು ವ್ಯಾಪಾರಿಗಳಿಗಷ್ಟೇ ಮಾರಬೇಕೆಂಬ ನಿಯಮವಿದ್ದುದರಿಂದ ಅಂಗಡಿ, ಹೋಟೆಲ್, ಕಚೇರಿಗಳ ದಾಖಲೆ ತೋರಿಸಿದವರಿಗೆ ಮಾತ್ರ ಕಾರ್ಡ್ ಸಿಗುತ್ತಿತ್ತು. ರಿಲಯನ್ಸ್ ರಿಟೇಲ್ 2,850 ಕೋಟಿ ರೂಪಾಯಿಗೆ ಈ ವ್ಯವಹಾರವನ್ನು ಕೊಳ್ಳುವುದಾಗಿ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು; ಮರುವರ್ಷ ಖರೀದಿ ಪೂರ್ಣಗೊಂಡಿತು. ಇಂಥ ಯಾವುದೇ ಮಳಿಗೆಗೆ ಹೊರಡುವ ಮೊದಲು, ಮನೆಯವರಿಗೆ ಪ್ರವೇಶವಿದೆಯೇ, ಯಾವ ದಾಖಲೆ ಬೇಕು ಎಂದು ಫೋನ್ ಮಾಡಿ ಕೇಳಿಕೊಳ್ಳಿ.

ಪರಿಚಯದ ಅಂಗಡಿಯವರ ಕಾರ್ಡ್ ಎರವಲು ಪಡೆದು ಹೋಗುವ ರೂಢಿ ಇದೆ. ಅದು ಬೇಡ ಎಂದು ಖಂಡಿತವಾಗಿ ಹೇಳುತ್ತೇನೆ. ಬಿಲ್ಲು ಅವರ ಜಿಎಸ್‌ಟಿ ಸಂಖ್ಯೆಗೆ ಹೋಗುತ್ತದೆ. ಮನೆ ಬಳಕೆಗೆ ತಂದ ಸಾಮಾನಿನ ತೆರಿಗೆಯನ್ನು ವ್ಯಾಪಾರದ ಲೆಕ್ಕದಲ್ಲಿ ವಾಪಸು ಪಡೆಯಲು ಕಾನೂನಿನಲ್ಲಿ ಅವಕಾಶವಿಲ್ಲ. ಉಪಕಾರ ಮಾಡಿದವರೇ ನಾಳೆ ಉತ್ತರ ಕೊಡಬೇಕಾಗುತ್ತದೆ. ಮಿಕ್ಸಿ, ಕುಕ್ಕರ್ ಕೊಂಡಿದ್ದರೆ ವಾರಂಟಿ ಕೇಳುವಾಗ ಬಿಲ್ಲಿನಲ್ಲಿ ನಿಮ್ಮ ಹೆಸರೇ ಇರುವುದಿಲ್ಲ.

ಹಂತ 1: ಮನೆಯ ಖರ್ಚು ಬರೆದಿಡಿ

ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಸೋಪಿನ ಪುಡಿ, ಈ ಐದನ್ನೇ ಹಿಡಿಯಿರಿ. ಹೊಸ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ, ಮುಗಿದ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಎರಡು ತಿಂಗಳು ಹೀಗೆ ಮಾಡಿದರೆ ಮನೆಗೆ ಎಷ್ಟು ಬೇಕೆಂಬುದು ನಿಖರವಾಗಿ ತಿಳಿಯುತ್ತದೆ. ರೇಷನ್ ಅಕ್ಕಿ ಬರುವ ಮನೆಯಾದರೆ ಅದನ್ನು ಕಳೆದು ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯಿರಿ.

ಹಂತ 2: ಕೆಜಿ ದರಕ್ಕೆ ಇಳಿಸಿ

ಪೊಟ್ಟಣದ ಮೇಲೆ ಎಂಆರ್‌ಪಿ ಜೊತೆಗೆ ಘಟಕ ದರವನ್ನೂ ಮುದ್ರಿಸಬೇಕೆಂಬ ನಿಯಮವಿದೆ. ನೋಡುವಾಗ ಎರಡು ವಿಷಯ ಗಮನದಲ್ಲಿರಲಿ. ಒಂದು ಕೆಜಿಗಿಂತ ಕಡಿಮೆ ತೂಕದ ಪೊಟ್ಟಣದಲ್ಲಿ ದರ ಗ್ರಾಂ ಲೆಕ್ಕದಲ್ಲಿರುತ್ತದೆ, ಹೆಚ್ಚು ತೂಕದ್ದರಲ್ಲಿ ಕೆಜಿ ಲೆಕ್ಕದಲ್ಲಿ. ಗ್ರಾಂ ದರವನ್ನು ಸಾವಿರದಿಂದ ಗುಣಿಸಿದ ಮೇಲೆಯೇ ಹೋಲಿಸಬೇಕು. ಎರಡನೆಯದು, ಮುದ್ರಿತ ಘಟಕ ದರ ಎಂಆರ್‌ಪಿಯಿಂದ ಬಂದದ್ದು. ಮಳಿಗೆ ಎಂಆರ್‌ಪಿಗಿಂತ ಕಡಿಮೆಗೆ ಕೊಡುತ್ತಿದ್ದರೆ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ನೀವೇ ಭಾಗಿಸಿ ನೋಡಬೇಕು. ಸಗಟು ಮಳಿಗೆಯ ದರಪಟ್ಟಿಯಲ್ಲಿ ತೆರಿಗೆ ಸೇರಿದೆಯೇ ಎಂದೂ ನೋಡಿ.

ಅಕ್ಕಿ ಮೂಟೆ 25 ಕೆಜಿ ಬದಲು 26 ಕೆಜಿ ಏಕಿರುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟು 25 ಕೆಜಿವರೆಗೆ ಇದ್ದರೆ 2022ರ ಜುಲೈ 18ರಿಂದ ಶೇ 5ರ ಜಿಎಸ್‌ಟಿ ಬಿತ್ತು. ಅದನ್ನು ಮೀರಿದ ಮೂಟೆಗೆ ಆ ತೆರಿಗೆ ಇಲ್ಲ. ಗಿರಣಿಗಳು ಒಂದು ಕೆಜಿ ಹೆಚ್ಚಿಸಿದ್ದು ಈ ಕಾರಣಕ್ಕೆ. ಬೀದಿ ಅಂಗಡಿಯಲ್ಲಿ ಮೂಟೆ ಬಿಚ್ಚಿ ತೂಗಿ ಕೊಡುವ ಅಕ್ಕಿಗೂ ತೆರಿಗೆ ಬೀಳುವುದಿಲ್ಲ. ಐದು, ಹತ್ತು ಕೆಜಿಯ ಬ್ರಾಂಡ್ ಚೀಲ ಕೊಳ್ಳುವವರಿಗೆ ಮೂಟೆಯಿಂದ ಹೆಚ್ಚು ಉಳಿಯುತ್ತದೆ. ಬಿಡಿ ಅಕ್ಕಿ ಕೊಳ್ಳುವವರಿಗೆ ಅಷ್ಟು ಉಳಿಯುವುದಿಲ್ಲ.

ಎಣ್ಣೆಯಲ್ಲಿ ಮೋಸ ಹೋಗುವುದು ಸುಲಭ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಹಾಗಾಗಿ 15 ಲೀಟರ್ ಡಬ್ಬದಲ್ಲಿ ಇರುವುದು ಸುಮಾರು 13.65 ಕೆಜಿ ಎಣ್ಣೆ. ಪಕ್ಕದಲ್ಲೇ 15 ಕೆಜಿಯ ಡಬ್ಬವೂ ಇರಬಹುದು, ನೋಡಲು ಎರಡೂ ಒಂದೇ. ವ್ಯತ್ಯಾಸ ಒಂದೂಕಾಲು ಕೆಜಿಗೂ ಹೆಚ್ಚು. ಲೀಟರ್ ದರವನ್ನು ಲೀಟರ್ ದರದೊಡನೆ, ಕೆಜಿ ದರವನ್ನು ಕೆಜಿ ದರದೊಡನೆ ಹೋಲಿಸಿ.

ಹಂತ 3: ಉಳಿತಾಯದಿಂದ ಕಳೆಯಬೇಕಾದ್ದನ್ನು ಕಳೆಯಿರಿ

26 ಕೆಜಿ ಮೂಟೆಗೆ 1,560 ರೂಪಾಯಿ, ಬೀದಿಯ ಅಂಗಡಿಯಲ್ಲಿ ಅದೇ ಅಕ್ಕಿಗೆ ಕೆಜಿಗೆ 66 ರೂಪಾಯಿ ಎಂದುಕೊಳ್ಳಿ. ಮೂಟೆಯಲ್ಲಿ ಕೆಜಿಗೆ 60 ಬಿತ್ತು, ಒಟ್ಟು 156 ರೂಪಾಯಿ ಉಳಿಯಿತು. ಆಟೊಗೆ 120 ಕೊಟ್ಟರೆ ಕೈಯಲ್ಲಿ ಉಳಿಯುವುದು 36. ಕೊನೆಗೆ ಒಂದು ಕೆಜಿ ಅಕ್ಕಿ ನುಸಿ ಹಿಡಿದು ಚೆಲ್ಲಿದರೆ ಆ 36 ಹೋಗಿ ಮೇಲೆ 24 ರೂಪಾಯಿ ನಷ್ಟ. ಒಂದೇ ಆಟೊದಲ್ಲಿ ಎಣ್ಣೆ, ಬೇಳೆ, ಬೆಲ್ಲವೂ ಬಂದರೆ ಲೆಕ್ಕ ತಿರುಗುತ್ತದೆ. ಆದ್ದರಿಂದ ಒಂದೇ ವಸ್ತುವಿಗಾಗಿ ಯಶವಂತಪುರದವರೆಗೆ ಹೋಗಬೇಡಿ. ದರ ವಿಚಾರಿಸಲು ಹೋಗುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಬಸ್ ಇದೆ; ಖರೀದಿಯ ದಿನ ಮಾತ್ರ ಆಟೊ ಹಿಡಿದರೆ ಸಾಕು.

ಶುಲ್ಕವಿದ್ದರೆ ಇನ್ನೊಂದು ಸಾಲು ಬರೆಯಬೇಕು. ವರ್ಷಕ್ಕೆ 1,000 ರೂಪಾಯಿ ಶುಲ್ಕ, ಪ್ರತಿ ನೂರು ರೂಪಾಯಿ ಖರೀದಿಯಲ್ಲಿ ಐದು ರೂಪಾಯಿ ಉಳಿತಾಯ ಎಂದಾದರೆ, ಶುಲ್ಕ ಹುಟ್ಟಲು 20,000 ರೂಪಾಯಿ ವ್ಯಾಪಾರವಾಗಬೇಕು. ಅದಾದ ಮೇಲೆ ಬರುವುದೇ ನಿಮ್ಮ ಉಳಿತಾಯ. ಮನೆಗೆ ತಲುಪಿಸುವ ಆ್ಯಪ್‌ಗಳ ತಿಂಗಳ ಪಾಸ್‌ಗಳನ್ನೂ ಇದೇ ಲೆಕ್ಕಕ್ಕೆ ಒಡ್ಡಿ ನೋಡಬೇಕು.

ಬೀದಿ ಅಂಗಡಿಯವರು ಕೊಡುವ ಸಾಲಕ್ಕೂ ಬೆಲೆಯಿದೆ. ತಿಂಗಳ ಕೊನೆಯಲ್ಲಿ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಡುವವರು ಅವರೊಬ್ಬರೇ. ಎಲ್ಲವನ್ನೂ ಸಗಟಿನಲ್ಲಿ ತಂದು, ಮಧ್ಯರಾತ್ರಿ ಸಕ್ಕರೆ ಮುಗಿದಾಗ ಮಾತ್ರ ಆ ಬಾಗಿಲು ತಟ್ಟುವುದು ನ್ಯಾಯವಲ್ಲ ಎನ್ನುವುದು ನನ್ನ ಅಭಿಪ್ರಾಯ. ಹಾಲು, ತರಕಾರಿ, ಪುಡಿ, ಬಿಸ್ಕತ್ತು ಅಲ್ಲೇ ಕೊಳ್ಳಿ. ಇವು ಸಗಟಿನಲ್ಲಿ ಗಿಟ್ಟುವ ಸಾಮಾನೂ ಅಲ್ಲ.

ಹಂತ 4: ಯಾವುದನ್ನು ಮೂಟೆಯಲ್ಲಿ, ಯಾವುದನ್ನು ಪೊಟ್ಟಣದಲ್ಲಿ

ರಾಗಿಯನ್ನು ಕಣ್ಣುಮುಚ್ಚಿ ಮೂಟೆಯಲ್ಲಿ ತನ್ನಿ. ಕಾಳು ಸಣ್ಣದಾದ್ದರಿಂದ ಹುಳು ಸುಲಭಕ್ಕೆ ಹತ್ತುವುದಿಲ್ಲ. ಹಳೇ ಮೈಸೂರು ಸೀಮೆಯ ರೈತರು ನೆಲದೊಳಗಿನ ಹಗೇವಿನಲ್ಲಿ ಅದನ್ನು ವರ್ಷಗಟ್ಟಲೆ ಇಡುತ್ತಿದ್ದರು. ಆದರೆ ಹಿಟ್ಟು ಮಾಡಿಸುವಾಗ ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ಗಿರಣಿಗೆ ಒಯ್ಯಿರಿ. ಬೀಸಿದ ರಾಗಿ ಬೇಗ ಕಮಟುತ್ತದೆ. ಅಕ್ಕಿ ಹಳೆಯದಾದಷ್ಟೂ ಅನ್ನ ಉದುರುದುರಾಗುವುದರಿಂದ ಅದನ್ನೂ ಧಾರಾಳವಾಗಿ ತರಬಹುದು. ಉಪ್ಪು, ಸಕ್ಕರೆ, ಬಟ್ಟೆ ಸೋಪು, ಪಾತ್ರೆ ಸೋಪು, ಪೊರಕೆ ಸಗಟಿಗೆ ಒಳ್ಳೆಯವು. ಸೋಪು ಒಣಗಿದಷ್ಟೂ ನಿಧಾನವಾಗಿ ಸವೆಯುತ್ತದೆ.

ತೊಗರಿಬೇಳೆಗೆ ಕಾಲ ನೋಡಬೇಕು. ಕಲಬುರಗಿ ಕಡೆಯ ಹೊಸ ತೊಗರಿ ಡಿಸೆಂಬರ್, ಜನವರಿಯಿಂದ ಮಾರುಕಟ್ಟೆಗೆ ಇಳಿಯುತ್ತದೆ; ವರ್ಷದ ಬೇಳೆ ಕೊಳ್ಳುವವರು ಅದರ ನಂತರದ ತಿಂಗಳುಗಳವರೆಗೆ ಕಾಯುವುದು ಮೇಲು. ಬ್ಯಾಡಗಿ ಮೆಣಸಿನಕಾಯಿಯೂ ಹೊಸ ಹುಣಸೆಹಣ್ಣೂ ಬೇಸಿಗೆಗೆ ಮೊದಲು ಬರುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಕೊಂಡು ಬಿಸಿಲಿಗೆ ಹಾಕಿ ವರ್ಷದ ಸಾರಿನ ಪುಡಿ ಮಾಡಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಸಗಟು ಖರೀದಿ ಹೊಸದಾಗಿರಲಿಲ್ಲ.

ಸಗಟಿನಲ್ಲಿ ತರಲೇಬಾರದ್ದೂ ಇದೆ. ಕಾಫಿ ಪುಡಿ ಕೆಲವೇ ವಾರಗಳಲ್ಲಿ ಘಮ ಕಳೆದುಕೊಳ್ಳುತ್ತದೆ, ಚಿಕೋರಿ ಬೆರೆತಿದ್ದರೆ ತೇವ ಹೀರಿ ಗಟ್ಟಿಯಾಗುತ್ತದೆ. ಕಾಲು ಕೆಜಿ, ಅರ್ಧ ಕೆಜಿ ಹುರಿಸಿ ಪುಡಿ ಮಾಡಿಸಿಕೊಳ್ಳುವ ಅಂಗಡಿಗಳು ಪ್ರತಿ ಬಡಾವಣೆಯಲ್ಲೂ ಇರುವಾಗ ಐದು ಕೆಜಿ ತರುವುದು ವ್ಯರ್ಥ. ರವೆಗೆ ಹುಳು ಬೇಗ. ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜಗಳನ್ನು ಮಳೆಗಾಲದಲ್ಲಿ ಹೆಚ್ಚು ತರಬೇಡಿ. ಬೂಷ್ಟು ಹಿಡಿದ ಕಡಲೆಕಾಯಿ ಬೀಜವನ್ನು ಆರಿಸಿ ತಿನ್ನಲೂ ಹೋಗಬಾರದು, ಅದರ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಡಬ್ಬದ ಎಣ್ಣೆ ಒಡೆದ ಮೇಲೆ ಎರಡು ತಿಂಗಳೊಳಗೆ ಮುಗಿಯುವುದಿಲ್ಲ ಎಂದಾದರೆ ಐದು ಲೀಟರ್ ಕ್ಯಾನೇ ಸರಿ. ಶಾಂಪೂ, ಚಾಕೊಲೇಟ್, ಚಿಪ್ಸ್ ಮನೆಯಲ್ಲಿ ಹೆಚ್ಚಿದ್ದಷ್ಟೂ ಹೆಚ್ಚು ಖರ್ಚಾಗುತ್ತವೆ. ಅಲ್ಲಿ ಕೆಜಿ ದರ ಇಳಿದರೂ ತಿಂಗಳ ಬಿಲ್ಲು ಏರುತ್ತದೆ.

ಹಂತ 5: ಶೇಖರಣೆ

ಮೂಟೆ ನೆಲಕ್ಕೆ, ಗೋಡೆಗೆ ತಾಗದಂತೆ ಮಣೆಯ ಮೇಲಿರಲಿ. ತಂದ ದಿನವೇ ಅರ್ಧವನ್ನು ಗಾಳಿಯಾಡದ ಡ್ರಮ್ಮಿಗೆ ಸುರಿಯಿರಿ. ಒಣ ಬೇವಿನ ಎಲೆ, ಒಣ ಮೆಣಸಿನಕಾಯಿ ಹಾಕಬಹುದು. ತೊಗರಿಬೇಳೆಗೆ ಹರಳೆಣ್ಣೆ ಸವರುವ ಹಳೆಯ ರೂಢಿ ಒಳ್ಳೆಯದು. ಬೋರಿಕ್ ಪುಡಿ ಬೆರೆಸುವುದನ್ನು ಬಿಟ್ಟುಬಿಡಿ, ಅದು ತಿನ್ನುವ ವಸ್ತುವಲ್ಲ. ಹಿಟ್ಟು, ರವೆಯ ಪೊಟ್ಟಣಗಳನ್ನು ಫ್ರೀಜರ್‌ನಲ್ಲಿ ನಾಲ್ಕು ದಿನ ಇಟ್ಟು ತೆಗೆದರೆ ಹುಳುವಿನ ಮೊಟ್ಟೆ ಸಾಯುತ್ತದೆ. ಹಳೆಯದು ಮುಗಿಯದೆ ಹೊಸದನ್ನು ಅದರ ಮೇಲೆ ಸುರಿಯಬೇಡಿ.

ಹಂತ 6: ನಾಲ್ಕು ಮನೆ ಸೇರಿ ಕೊಳ್ಳಿ

ನನಗೆ ಈ ಹಂತವೇ ಎಲ್ಲಕ್ಕಿಂತ ಮುಖ್ಯ. ಸಗಟು ದರದ ಲಾಭ ಈಗ ಹೋಗುತ್ತಿರುವುದು ಒಂದೇ ಸಲ ಹಣ ಹೂಡಬಲ್ಲವರಿಗೆ, ಮನೆಯಲ್ಲಿ ಮೂಟೆ ಇಡಲು ಜಾಗವಿದ್ದವರಿಗೆ. ಒಂದು ಕೋಣೆಯ ಮನೆಯಲ್ಲಿ, ದಿನಗೂಲಿಯಲ್ಲಿ ಬದುಕುವವರು ಎಣ್ಣೆಯನ್ನು ಕಾಲು ಲೀಟರ್, ಬೇಳೆಯನ್ನು ನೂರು ಗ್ರಾಂ ಲೆಕ್ಕದಲ್ಲಿ ಕೊಳ್ಳುತ್ತಾರೆ. ಕೆಜಿಗೆ ಎಲ್ಲರಿಗಿಂತ ಹೆಚ್ಚು ಕೊಡುವವರು ಅವರೇ. ಇದು ಸರಿಯಲ್ಲ, ಮತ್ತು ಇದನ್ನು ಸ್ವಲ್ಪ ಮಟ್ಟಿಗೆ ನಾವೇ ಸರಿಪಡಿಸಬಹುದು.

ವಠಾರದಲ್ಲಾಗಲಿ ಅಪಾರ್ಟ್‌ಮೆಂಟ್‌ನಲ್ಲಾಗಲಿ ನಾಲ್ಕೈದು ಮನೆಯವರು ಒಟ್ಟಾಗಿ. ಮನೆಗೆಲಸಕ್ಕೆ ಬರುವ ಅಕ್ಕನನ್ನೂ, ಕಾವಲುಗಾರರ ಮನೆಯವರನ್ನೂ ಗುಂಪಿಗೆ ಸೇರಿಸಿಕೊಳ್ಳಿ. ಅವರ ಪಾಲಿನ ಹಣವನ್ನು ಸಂಬಳವಾದ ಮೇಲೆ ಪಡೆಯಲು ಉಳಿದವರು ಒಪ್ಪಿದರೆ ಸಾಕು. ಎರಡು ಮೂರು ವಸ್ತುವಿನಿಂದ ಶುರುಮಾಡಿ: ಅಕ್ಕಿ, ತೊಗರಿಬೇಳೆ, ಎಣ್ಣೆ. ಯಾರಿಗೆ ಎಷ್ಟು ಎಂದು ಮೊದಲೇ ಚೀಟಿ ಬರೆದು, ಆ ಮೊತ್ತ ಮೂಟೆಗೆ ಸರಿಹೊಂದಿದರೆ ಮಾತ್ರ ಹೊರಡಿ. ಯಾವ ಅಕ್ಕಿ ಎಂಬುದರಲ್ಲಿ ಒಮ್ಮತ ಇಲ್ಲದಿದ್ದರೆ ಆ ತಿಂಗಳು ಅಕ್ಕಿಯನ್ನು ಬಿಟ್ಟು ಉಳಿದದ್ದನ್ನು ತನ್ನಿ. ಮಂಡಿಯಲ್ಲಿ ಮುಷ್ಟಿ ಅಕ್ಕಿ ತೆಗೆದು ನೋಡಿ. ನುಚ್ಚು, ಹುಳು, ಕಲ್ಲು ಕಂಡರೆ ಮುಂದಿನ ಅಂಗಡಿಗೆ ನಡೆಯಿರಿ. ಬಿಲ್ಲು ಕೇಳಿ ಪಡೆಯಿರಿ. ತೂಕದಲ್ಲಿ ಅಥವಾ ಎಂಆರ್‌ಪಿಯಲ್ಲಿ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಅದು ಬೇಕು.

ಹಂಚುವಾಗ ಎಲ್ಲರ ಎದುರಿಗೇ ತೂಗಿ. ಆಟೊ, ಹಮಾಲಿ ಸೇರಿಸಿ ಬಂದ ಒಟ್ಟು ಖರ್ಚನ್ನು, ಮೂಟೆಯ ಮೇಲೆ ಬರೆದ ತೂಕದಿಂದ ಭಾಗಿಸದೆ, ನಿಜವಾಗಿ ತೂಗಿ ಹಂಚಿದ ಕೆಜಿಯಿಂದ ಭಾಗಿಸಿ. ಸೋರಿದ್ದು, ಚೆಲ್ಲಿದ್ದು ಹೀಗೆ ಎಲ್ಲರ ಪಾಲಿಗೂ ಸಮನಾಗಿ ಬೀಳುತ್ತದೆ. ತೂಗುವ ಕೆಲಸ ಮತ್ತು ಮಂಡಿಗೆ ಹೋಗುವ ಕೆಲಸ ಪ್ರತಿ ತಿಂಗಳೂ ಬೇರೆ ಬೇರೆ ಮನೆಯವರದ್ದಾಗಲಿ.