ಕನ್ನಡದಿಂದ ಶುರುವಾಗುವ ನನ್ನ ಇಂಗ್ಲಿಷ್ ನೋಟ್‌ಬುಕ್

ಹತ್ತನೇ ತರಗತಿವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಬೆಂಗಳೂರಿನ ಗಾರ್ಮೆಂಟ್ಸ್ ರಫ್ತು ಕಚೇರಿಯೊಂದರಲ್ಲಿ ಕೆಲಸ. ದಿನವಿಡೀ ಇಂಗ್ಲಿಷ್ ಮೇಲ್. ಬಂದ ಮೇಲ್ ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟವಿರಲಿಲ್ಲ. ಉತ್ತರ ಬರೆಯಲು ಕೂತಾಗ ಮಾತ್ರ ಪದ ಸಿಗುತ್ತಿರಲಿಲ್ಲ. ಓದುವಾಗ ಇಂಗ್ಲಿಷ್ ಪದ ಕಣ್ಣ ಮುಂದೆಯೇ ಇರುತ್ತದೆ. ಬರೆಯುವಾಗ ತಲೆಗೆ ಮೊದಲು ಬರುವುದು ಕನ್ನಡ. ಹಾಗಾಗಿ ನೋಟ್‌ಬುಕ್ಕನ್ನೇ ತಿರುವಿ ಹಾಕಿದೆ. ಎ, ಬಿ, ಸಿ, ಡಿ ಬಿಟ್ಟು, ಪ್ರತಿ ಪುಟದ ಮೇಲೆ ಮನೆಯಲ್ಲಿ ಆಡುವ ಒಂದು ಕನ್ನಡ ಪದ ಬರೆದೆ.

ಮೊದಲ ಪುಟ 'ಜೋರು'. ಮಳೆ ಜೋರು, ಗಾಳಿ ಜೋರು, ಜ್ವರ ಜೋರು, ದನಿ ಜೋರು, ವ್ಯಾಪಾರ ಜೋರು. ಇಂಗ್ಲಿಷ್‌ನಲ್ಲಿ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್', ಜ್ವರ 'ಹೈ', ದನಿ 'ಲೌಡ್', ವ್ಯಾಪಾರ 'ಬ್ರಿಸ್ಕ್'. 'ಸ್ಟ್ರಾಂಗ್ ರೇನ್' ಅಂದರೂ ಎದುರಿನವರಿಗೆ ಅರ್ಥವಾಗುತ್ತೆ, ಆದರೆ ಕಿವಿಗೆ ಒಗ್ಗುವುದಿಲ್ಲ. ಯಾಕೆ ಅಂತ ಕೇಳಿ ಪ್ರಯೋಜನವಿಲ್ಲ, ಜೋಡಿಯಾಗಿಯೇ ನೆನಪಿಟ್ಟುಕೊಳ್ಳಬೇಕು. ನನ್ನ ನೋಟ್‌ಬುಕ್‌ನಲ್ಲಿ 'ಹೆವಿ' ಎಲ್ಲೂ ಒಂಟಿಯಾಗಿಲ್ಲ. 'ಹೆವಿ ರೇನ್', 'ಹೆವಿ ಟ್ರಾಫಿಕ್' ಅಂತಲೇ ಇದೆ.

ಕೆಲವು ಪುಟ ಬೇಗ ಮುಗಿದವು. ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಕನ್ನಡಕ ಹಾಕಿಕೊಳ್ಳುತ್ತೇವೆ. ಅವರಿಗೆ ಎಲ್ಲಕ್ಕೂ 'ವೇರ್' ಸಾಕು. ಪಾಪ!

ಜಾಸ್ತಿ ಹೊತ್ತು ಹಿಡಿದದ್ದು 'ಅನುಮಾನ'. 'ಡೌಟ್' ಈಗ ಕನ್ನಡದ್ದೇ ಪದ, ಅಲ್ವಾ? "ಸರ್, ಒಂದು ಡೌಟು" ಅಂದರೆ ಪ್ರಶ್ನೆ ಇದೆ ಎಂದಷ್ಟೇ. ಆದರೆ 'ಸರಕು ತಡವಾಗಬಹುದು ಅಂತ ಅನುಮಾನ' ಎನ್ನಲು 'ಐ ಡೌಟ್ ದ ಶಿಪ್‌ಮೆಂಟ್ ವಿಲ್ ಬಿ ಲೇಟ್' ಎಂದು ಬರೆದರೆ, ಲಂಡನ್ನಿನಲ್ಲಿ ಕೂತು ಓದುವವರು ತಿಳಿಯುವುದು 'ತಡವಾಗಲಿಕ್ಕಿಲ್ಲ' ಅಂತ. ಪೂರ್ತಿ ಉಲ್ಟಾ. ಹೀಗಾಗಬಹುದು ಎಂಬ ಅನುಮಾನಕ್ಕೆ 'ಸಸ್ಪೆಕ್ಟ್', ಆಗಲಿಕ್ಕಿಲ್ಲ ಎಂಬ ಅನುಮಾನಕ್ಕೆ 'ಡೌಟ್'. ಬರೀ ಅರ್ಥದ ಪಟ್ಟಿ ಓದಿದರೆ ಎರಡೂ ಒಂದೇ ಥರ ಕಾಣುತ್ತವೆ. ಉದಾಹರಣೆಯ ವಾಕ್ಯ ನೋಡಿದಾಗಲೇ ವ್ಯತ್ಯಾಸ ತಿಳಿಯುವುದು.

'ಮೇಲೆ', 'ಬಗ್ಗೆ' ಇವಕ್ಕೂ ಪುಟ ಇಟ್ಟಿದ್ದೇನೆ. 'ನಿಮ್ಮ ಮೇಲೆ ಅವಲಂಬಿಸಿದೆ' ಎನ್ನುವಲ್ಲಿ 'ಡಿಪೆಂಡ್ ಆನ್' ಸರಿಯಾಗಿ ಹೊಂದುತ್ತದೆ. ಆದರೆ 'ಅವನ ಮೇಲೆ ಕೋಪ' ಬಂದರೆ 'ಆಂಗ್ರಿ ವಿತ್'. ಚರ್ಚೆ ಮಾಡುವಾಗ 'ಬಗ್ಗೆ' ನಮಗೆ ಬೇಕೇ ಬೇಕು. 'ಡಿಸ್ಕಸ್' ಪಕ್ಕದಲ್ಲಿ 'ಅಬೌಟ್' ಬೇಡ.

ಎರಡು ಬಗೆಯ ನಿಘಂಟು ಬಳಸುತ್ತೇನೆ. ಕನ್ನಡದಿಂದ ಹೊರಡಲು 'ಅಲರ್'. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು, ಅಂತರ್ಜಾಲದಲ್ಲಿ ಉಚಿತ. ಅಲ್ಲಿ ಸಿಕ್ಕ ಪದವನ್ನು ಹಾಗೇ ಮೇಲ್‌ಗೆ ಹಾಕುವುದಿಲ್ಲ. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟಿನಲ್ಲಿ ಬಳಕೆ ನೋಡುತ್ತೇನೆ. ಆಕ್ಸ್‌ಫರ್ಡ್‌ನದ್ದು ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಪಾಠ ಹೇಳುತ್ತಿದ್ದಾಗ ಮಾಡಿದ್ದು, 1942ರಲ್ಲಿ ಮೊದಲು ಅಚ್ಚಾದದ್ದೂ ಟೋಕಿಯೋದಲ್ಲೇ. ಲಾಂಗ್‌ಮನ್ 1978ರಲ್ಲಿ ತಂದ ನಿಘಂಟು ಅರ್ಥಗಳನ್ನೆಲ್ಲ ಸುಮಾರು 2,000 ಸುಲಭ ಪದಗಳಲ್ಲೇ ವಿವರಿಸುತ್ತದೆ. ಒಂದು ಪದ ನೋಡಲು ಹೋಗಿ ಇನ್ನೊಂದಕ್ಕೆ ತಡಕಾಡುವ ಕಷ್ಟ ಕಡಿಮೆ. ಇವುಗಳಲ್ಲಿ ನಾಮಪದದ ಪಕ್ಕದ ಗುರುತನ್ನು ತಪ್ಪದೇ ನೋಡಿ. 'ಅಡ್ವೈಸ್', 'ಇನ್ಫರ್ಮೇಷನ್', 'ಲಗೇಜ್' ಇವಕ್ಕೆ ಕೊನೆಯಲ್ಲಿ 'ಎಸ್' ಸೇರುವುದಿಲ್ಲ ಅಂತ ಅಲ್ಲೇ ಗೊತ್ತಾಗುತ್ತೆ.

ಹೊಸ ಜೋಡಿ ಬರೆದ ದಿನವೇ ಅದನ್ನು ಒಂದು ಮೇಲ್‌ನಲ್ಲಿ ಬಳಸಲು ನೋಡುತ್ತೇನೆ. ಸುಮ್ನೆ ಓದಿ ಇಟ್ಟರೆ ಮರೆತೇ ಹೋಗುತ್ತೆ. ವಾಟ್ಸಾಪ್‌ನಲ್ಲಿ ಬರುವ 'ದಿನಕ್ಕೊಂದು ಪದ' ನೋಡುವುದನ್ನು ಬಿಟ್ಟಿದ್ದೇನೆ. ಬರೋದೆಲ್ಲ ಭಾರೀ ಪದಗಳು. ಬಟ್ಟೆ, ಬಟನ್ನು, ಬಿಲ್ಲಿನ ನಡುವೆ ಅವಕ್ಕೆ ಕೆಲಸವಿಲ್ಲ.

ಈಗ 'ಹಾಕು' ಪುಟ ತುಂಬಿಸುತ್ತಿದ್ದೇನೆ. ಸಹಿ ಹಾಕು 'ಸೈನ್', ಬೀಗ ಹಾಕು 'ಲಾಕ್', ಅರ್ಜಿ ಹಾಕು 'ಅಪ್ಲೈ', ಲೆಕ್ಕ ಹಾಕು 'ವರ್ಕ್ ಔಟ್', ಉಪ್ಪು ಹಾಕು 'ಆ್ಯಡ್', ಲೈಟ್ ಹಾಕು 'ಟರ್ನ್ ಆನ್', ಹೊಂಚು ಹಾಕು 'ಲೈ ಇನ್ ವೇಟ್'. 'ಅವನ ಮಾತಿಗೆ ಸೊಪ್ಪು ಹಾಕಬೇಡ' ಅನ್ನುವುದಕ್ಕೆ 'ಡೋಂಟ್ ಟೇಕ್ ಎನಿ ನೋಟಿಸ್ ಆಫ್ ಹಿಮ್' ಸರಿಹೋಯಿತು. 'ರಜೆ ಹಾಕು' ಇನ್ನೂ ಬರೆದಿಲ್ಲ, 'ಟೇಕ್' ಇದ್ದೀತು, ಇವತ್ತು ನೋಡಬೇಕು.